ಮಿಸ್ತ್ರಿ ಕಾಕಾರ ಮೂಗು

ಹೋದ ತಿಂಗಳು ಮಗ್ಗದ ಮನೆಯ ಮಾಡಿಗೆ ಹೊದಿಸಿದ ಪತ್ರಾಸಿನ ತಗಡು ಬದಲಿಸಬೇಕೆಂದು ಅಟ್ಟ ಖಾಲಿ ಮಾಡುತ್ತಿದ್ದೆ. ಮುರಿದ ಲಾಳಿಗಳು, ಇಲಿ ಕಡಿದ ನೂಲಿನ ಚೀಲ, ಎಸೆಯಲು ಯಾರಿಗೂ ಮನಸ್ಸಾಗದ ಹಳೆಯ ಮೋಟಾರಿನ ತುಣುಕುಗಳು... ಇವೆಲ್ಲದರ ಹಿಂದೆ, ತೊಲೆಯ ಸಂದಿಯಲ್ಲಿ, ಧೋತರದ ತುಂಡಿನಲ್ಲಿ ಸುತ್ತಿಟ್ಟ ಒಂದು ಗಂಟು ಸಿಕ್ಕಿತು. ಬಿಚ್ಚಿದರೆ ಮಗ್ಗಕ್ಕೆ ಎಣ್ಣೆ ಬಿಡುವ ಡಬ್ಬಿ, ಕೊಕ್ಕರೆಯ ಕೊಕ್ಕಿನ ಹಾಗೆ ಉದ್ದ ಮೂತಿಯದು. ಮೂತಿಗೆ ತುರುಕಿದ್ದ ಬಟ್ಟೆಯ ಚೂರು ಕಿತ್ತೆ. ತಳದಲ್ಲಿ ಬೆರಳು ತೋಯುವಷ್ಟು ಎಣ್ಣೆ ಇನ್ನೂ ಉಳಿದಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಏಣಿಯ ಮೇಲೇ ಕುಳಿತುಬಿಟ್ಟೆ. ಕೆಳಗಿನಿಂದ ಹೆಂಡತಿ, “ಏನಾತ್ರಿ? ಚೇಳ ಕಡೀತೇನು?” ಎಂದಳು. ಚೇಳು ಕಡಿದಿದ್ದರೆ ಎಷ್ಟೋ ವಾಸಿಯಿತ್ತು.

ಬನಹಟ್ಟಿಯಿಂದ ಜಮಖಂಡಿಗೆ ಹೋಗುವ ರಸ್ತೆಯ ಬದಿಗೆ ಮಿಸ್ತ್ರಿ ಕಾಕಾರ ಗ್ಯಾರೇಜಿತ್ತು. ಗ್ಯಾರೇಜು ಎಂದರೆ ನಾಲ್ಕು ಕಂಬ, ಮೇಲೊಂದು ತಗಡು, ಕೂರಲು ಒಂದು ಹಳೆಯ ಟೈರು. ಅವರು ನಮ್ಮ ಊರಿನವರಲ್ಲ. ಬೀಳಗಿ ಕಡೆಯ ಹೊಳೆದಂಡೆಯ ಹಳ್ಳಿಯಲ್ಲಿ ರೈತರ ಪಂಪಿನ ಎಂಜಿನ್ ರಿಪೇರಿ ಮಾಡಿಕೊಂಡಿದ್ದವರು. ಆಣೆಕಟ್ಟಿನ ಹಿನ್ನೀರು ಬಂದು ಊರು ಮುಳುಗಿದಾಗ ಪಾನಾ, ಸುತ್ತಿಗೆ ತುಂಬಿದ ಪೆಟ್ಟಿಗೆ ಹೊತ್ತು, ಹೆಂಡತಿಯನ್ನು ಕರೆದುಕೊಂಡು ನಮ್ಮಲ್ಲಿಗೆ ಬಂದರು. ಯಾರಾದರೂ ಊರು ಯಾವುದೆಂದು ಕೇಳಿದರೆ, “ಈಗ ಮೀನಗೋಳಿಗೆ ಬಿಟ್ಟಕೊಟ್ಟೇವಿ” ಎನ್ನುತ್ತಿದ್ದರು. ನಗುತ್ತಲೇ ಹೇಳುತ್ತಿದ್ದರು, ಕೇಳಿದವರಿಗೆ ನಗಲು ಬರುತ್ತಿರಲಿಲ್ಲ.

ಅವರ ಹೆಸರು ಹಬ್ಬಿದ್ದು ಮೂಗಿನಿಂದ. ಯಾವ ಗಾಡಿ ಬರಲಿ, ಮೊದಲು ಎಂಜಿನ್ನಿನ ಎಣ್ಣೆಯ ಕಡ್ಡಿ ಎಳೆದು, ಒಂದು ಹನಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ, ಕಣ್ಣು ಮುಚ್ಚಿ ಮೂಸುತ್ತಿದ್ದರು. ಎಣ್ಣೆ ಎಷ್ಟು ಹಳೆಯದು, ಅದಕ್ಕೆ ಪೆಟ್ರೋಲು ಇಳಿದಿದೆಯೇ, ಕ್ಲಚ್ಚಿನ ಪ್ಲೇಟು ಸುಡುತ್ತಿದೆಯೇ, ಎಲ್ಲವನ್ನೂ ಮೂಗೇ ಹೇಳುತ್ತಿತ್ತು. ಡಬ್ಬಿಯ ಮೇಲಿನ ಚೀಟಿಯನ್ನು ಅವರು ನಂಬುತ್ತಿರಲಿಲ್ಲ. “ಚೀಟಿ ಯಾರ ಬೇಕಾದವರು ಅಂಟಸ್ತಾರು. ವಾಸನಿ ಅಂಟಸಾಕ ಬರೂದಿಲ್ಲ” ಎನ್ನುತ್ತಿದ್ದರು.

ಒಮ್ಮೆ ತೇರದಾಳದ ಸಾಲಿ ಮಾಸ್ತರರೊಬ್ಬರು ಕಾರಿಗೆ ಹಾಕುವ ತುಟ್ಟಿ ಎಣ್ಣೆಯ ಡಬ್ಬಿ ಹಿಡಿದುಕೊಂಡು ಬಂದು, ತಮ್ಮ ಮೋಟಾರ್ ಸೈಕಲ್ಲಿಗೆ ಅದನ್ನೇ ಹಾಕಬೇಕೆಂದು ಹಟ ಹಿಡಿದರು. ತುಟ್ಟಿಯಾದದ್ದು ಒಳ್ಳೆಯದೇ ಇರಬೇಕು ಎಂಬುದು ಅವರ ಲೆಕ್ಕ. ಕಾಕಾ ತಾಳ್ಮೆಯಿಂದ ತಿಳಿಸಿ ಹೇಳಿದರು. ಮೋಟಾರ್ ಸೈಕಲ್ಲಿನಲ್ಲಿ ಎಂಜಿನ್ನು, ಕ್ಲಚ್ಚು ಎರಡೂ ಒಂದೇ ಎಣ್ಣೆಯಲ್ಲಿ ಮುಳುಗಿರುತ್ತವೆ. ಕಾರಿನ ಎಣ್ಣೆಯ ನುಣುಪಿಗೆ ಕ್ಲಚ್ಚು ಜಾರುತ್ತದೆ. “ಎಂಜಿನ್ ಜೋರ್ ಒದರತೈತ್ರಿ, ಗಾಡಿ ಮಾತ್ರ ಇದ್ದಲ್ಲೇ ಇರತೈತಿ. ನಮ್ಮ ಪುಢಾರಿಗೋಳ ಹಂಗ.” ಮಾಸ್ತರರು ಡಬ್ಬಿಯನ್ನು ಚೀಲಕ್ಕೆ ಸೇರಿಸಿದರು.

ಇನ್ನೊಂದು ಮಾತಿತ್ತು. ಕೆಲವು ದಿನ ಮಧ್ಯಾಹ್ನ ಹೊಳೆಯ ಕಡೆಯಿಂದ ಗಾಳಿ ಬಿಟ್ಟರೆ ಕಾಕಾ ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಮುಖ ಎತ್ತುತ್ತಿದ್ದರು. “ನಮ್ಮ ಊರ ವಾಸನಿ ಬರಾಕತ್ತೇತಿ” ಎನ್ನುತ್ತಿದ್ದರು. ತಮ್ಮ ಮನೆಯ ಹಿಂದೆ ಕಾಳು ತುಂಬಿಡುತ್ತಿದ್ದ ಹಗೇವಿನ ವಾಸನೆ, ಜೋಳದ ಕಣಿಕೆಯ ವಾಸನೆ, ದನದ ಕೊಟ್ಟಿಗೆಯ ವಾಸನೆ. ಅಷ್ಟು ದೂರದಿಂದ, ಅದೂ ನೀರಿನ ಅಡಿಯಿಂದ, ಹೇಗೆ ಬರುತ್ತದೆ ಎಂದು ಕೇಳುವ ಧೈರ್ಯ ನಮಗ್ಯಾರಿಗೂ ಇರಲಿಲ್ಲ. ಆ ಮುಖ ನೋಡಿದರೆ ಬಂದೇ ಬರುತ್ತದೆ ಅನ್ನಿಸುತ್ತಿತ್ತು.

ನನಗೆ ಆಗ ಇಪ್ಪತ್ನಾಲ್ಕು. ಮನೆಯಲ್ಲಿ ನೇಯ್ದ ಸೀರೆಗಳನ್ನು ಜಮಖಂಡಿ, ಮುಧೋಳದ ಅಂಗಡಿಗಳಿಗೆ ಒಯ್ಯಲು ಅಪ್ಪ ಒಂದು ಸಣ್ಣ ಮೋಟಾರ್ ಸೈಕಲ್ ತಂದರು. ಕೀಲಿ ಕೊಡುವಾಗ ಒಂದೇ ಮಾತು ಹೇಳಿದರು: “ಎಣ್ಣಿಗೆ ಮಿಸ್ತ್ರಿ ಬಿಟ್ಟ ಯಾರೂ ಕೈ ಹಚ್ಚಬಾರದು. ನೀನಂತೂ ಹಚ್ಚಲೇಬಾರದು.” ಅಪ್ಪನ ಮಾತಿಗೆ ನಮ್ಮ ಮನೆಯಲ್ಲಿ ಎರಡನೆಯ ಮಾತಿರಲಿಲ್ಲ. ಕೋಪ ಬಂದರೆ ಅವರು ಹೊಡೆಯುತ್ತಿರಲಿಲ್ಲ, ಮಾತು ಬಿಡುತ್ತಿದ್ದರು. ಒಮ್ಮೆ ನನ್ನ ಅಣ್ಣನ ಕೂಡ ಎಂಟು ತಿಂಗಳು ಮಾತಾಡಿರಲಿಲ್ಲ.

ಒಂದು ಬೇಸಿಗೆಯ ಬೆಳಿಗ್ಗೆ ಮದುವೆ ಸೀಜನ್ನಿನ ಸೀರೆ ಗಂಟು ಕಟ್ಟಿಕೊಂಡು ಹೊರಡುವ ಮುಂಚೆ ಕಡ್ಡಿ ಎಳೆದು ನೋಡಿದೆ. ಎಣ್ಣೆ ಕೆಳಗಿನ ಗೆರೆಗಿಂತ ಕೆಳಗೆ ಇಳಿದಿತ್ತು. ಕಾಕಾರ ಗ್ಯಾರೇಜಿಗೆ ಹೋದರೆ ಅರ್ಧ ತಾಸು ಹೋಗುತ್ತದೆ, ಅಂಗಡಿಯವರು ಕಾಯುತ್ತಿದ್ದಾರೆ. ನಮ್ಮ ಮಗ್ಗದ ಓಣಿಯಲ್ಲಿ ಎಣ್ಣೆ ಎಂದರೆ ಒಂದೇ. ಮಗ್ಗಕ್ಕೆ ಬಿಡುವ ಆ ತಿಳಿ ಎಣ್ಣೆಯನ್ನೇ ಸೈಕಲ್ಲಿನ ಚೈನಿಗೆ, ಕದದ ತಿರುಗಣಿಗೆ, ಹೊಲಿಗೆ ಯಂತ್ರಕ್ಕೆ, ಕಡೆಗೆ ಅಜ್ಜಿಯರ ಮೊಣಕಾಲಿಗೂ ಹಚ್ಚುತ್ತಿದ್ದೆವು. ಹನ್ನೆರಡು ಮಗ್ಗ ಓಡಿಸುವ ಎಣ್ಣೆ ಇಷ್ಟು ಸಣ್ಣ ಎಂಜಿನ್ನು ಓಡಿಸದೇ? ಅಪ್ಪ ಅಂದು ನಸುಕಿನಲ್ಲೇ ತುಂಬಿಟ್ಟಿದ್ದ ಡಬ್ಬಿಯಿಂದ ಅರ್ಧದಷ್ಟು ಸುರಿದೆ. ಕಡ್ಡಿಯಲ್ಲಿ ಎಣ್ಣೆ ಮೇಲಿನ ಗೆರೆ ಮುಟ್ಟಿತು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಸೀರೆಗೆ ಕಲೆ ಹತ್ತಬಾರದೆಂದು ನೀರಿನಷ್ಟು ತೆಳ್ಳಗೆ ಮಾಡಿದ ಎಣ್ಣೆ ಅದು. ಎಂಜಿನ್ನಿನ ಬೆಂಕಿಯನ್ನು ಅದು ತಡೆಯುವುದಿಲ್ಲ ಎಂದು ನನಗೆ ಗೊತ್ತಾದದ್ದು ಜಮಖಂಡಿ ಇನ್ನೂ ಮೂರು ಮೈಲು ಇರುವಾಗ. ಸುಡುವ ಬಿಸಿಲು, ಹಿಂದೆ ಮಣಭಾರದ ಗಂಟು. ಎಂಜಿನ್ನು ಒಮ್ಮೆ ಕಿರ್ರೆಂದು ಚೀರಿ, ಹಿಂದಿನ ಗಾಲಿ ಬಿಗಿಹಿಡಿದು, ಗಾಡಿ ರಸ್ತೆಯ ಮೇಲೆ ಅಡ್ಡಡ್ಡ ಜಾರಿತು. ಮೊಣಕೈ ತರಚಿದ್ದು ಬಿಟ್ಟರೆ ನನಗೇನೂ ಆಗಲಿಲ್ಲ. ಕಬ್ಬಿನ ಟ್ರ್ಯಾಕ್ಟರೊಂದು ಗಾಡಿಯನ್ನೂ ನನ್ನನ್ನೂ ಹೇರಿಕೊಂಡು ಬಂದು ಕಾಕಾರ ಗ್ಯಾರೇಜಿನ ಮುಂದೆ ಇಳಿಸಿತು. ಸುದ್ದಿ ಮುಟ್ಟಿ ಅಪ್ಪ ನನಗಿಂತ ಮುಂಚೆಯೇ ಅಲ್ಲಿ ಬಂದು ನಿಂತಿದ್ದರು.

ಕಾಕಾ ಎಂಜಿನ್ನಿನ ತಳದ ಬೋಲ್ಟು ಬಿಚ್ಚಿ ಎಣ್ಣೆಯನ್ನು ತಗಡಿನ ತಟ್ಟೆಗೆ ಇಳಿಸಿದರು. ಉಜ್ಜಿದರು. ಮೂಸಿದರು. ಕಣ್ಣು ತೆರೆದು ನನ್ನನ್ನು ನೋಡಿದರು. ಮತ್ತೆ ಮೂಸಿದರು.

“ತಮ್ಮಾ, ಇದರಾಗ ಏನರೆ ಹಾಕಿಯೇನು?”

“ಇಲ್ರಿ ಕಾಕಾ. ನೀವು ಹಾಕಿದ್ದ ಐತಿ.”

“ಮಗ್ಗದ ಮನಿ ವಾಸನಿ ಬರಾಕತ್ತೇತಲ್ಲಪಾ.”

ನಾನು ಬಾಯಿ ತೆರೆಯುವ ಮುಂಚೆ ಅಪ್ಪ ನಕ್ಕರು. “ಏನ್ ಮಿಸ್ತ್ರಿ, ಬನಹಟ್ಟ್ಯಾಗ ಮತ್ಯಾವ ವಾಸನಿ ಬರಬೇಕ್ರಿ? ನಮ್ಮ ಅಂಗಿ ಮೂಸಿದ್ರೂ ಅದ, ನಮ್ಮ ಅನ್ನ ಮೂಸಿದ್ರೂ ಅದ.” ಸುತ್ತ ನಿಂತವರೂ ನಕ್ಕರು. ಕಾಕಾ ನಗಲಿಲ್ಲ. ನನ್ನ ಕಡೆಯೇ ನೋಡುತ್ತ, “ಖರೆ ಹೇಳಾಕತ್ತಿ?” ಎಂದರು.

“ಖರೇರಿ.”

ಕಾಕಾ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಬೆರಳನ್ನು ಚಿಂದಿಯಿಂದ ಒರೆಸಿಕೊಂಡು, ನಿಧಾನವಾಗಿ ಅಂದರು: “ಮೂಗಿನ ಮಾತ ಖರೆ ಅಂದ್ರ ಹುಡುಗಂದು ಸುಳ್ಳ ಆಕ್ಕೇತಿ. ಅಂವಾ ಯಾಕ ಸುಳ್ಳ ಹೇಳ್ತಾನ? ನನ್ನ ಮೂಗ ಕೆಟ್ಟಿರಬೇಕು. ಯಾವುದೋ ಡಬ್ಬಿ ಅದಲ ಬದಲ ಮಾಡಿ ಹಾಕೇನಿ. ತಪ್ಪ ನಂದ ಸಾವಕಾರ್ರ.”

ತಪ್ಪು ತಮ್ಮದೇ ಎಂದು ಅವರು ಹೇಳಿದಾಗ ನನಗೆ ಮೊದಲು ಹಾಯೆನಿಸಿತು. ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ. ನಾಚಿಕೆ ಬಂದದ್ದು ಆಮೇಲೆ. ಎಂಟು ದಿನ ಕೂತು ಅವರೇ ಪಿಸ್ಟನ್ನು ಬದಲಿಸಿ, ಎಂಜಿನ್ನು ಹೊಸದರಂತೆ ಮಾಡಿ ಕೊಟ್ಟರು. ಕೂಲಿ ಕೊಡಲು ಹೋದರೆ ಮುಟ್ಟಲಿಲ್ಲ.

ಅಪ್ಪ ಅಷ್ಟಕ್ಕೇ ಬಿಡಲಿಲ್ಲ. ಚಹಾದಂಗಡಿಯಲ್ಲಿ, ನೂಲಿನ ಅಂಗಡಿಯಲ್ಲಿ, ಕಂಡಕಂಡವರಿಗೆ “ಮಿಸ್ತ್ರಿ ಕೈ ಮೊದಲಿನಂಗ ಉಳದಿಲ್ಲ” ಎಂದು ಹೇಳಿದರು. ದೊಡ್ಡವರ ಬಾಯಿಂದ ಬಂದ ಮಾತು, ಊರೆಲ್ಲ ಹಬ್ಬಿತು. ಗಾಡಿಗಳು ಬಸ್ ನಿಲ್ದಾಣದ ಬಳಿ ಹೊಸದಾಗಿ ತೆರೆದ ಗ್ಯಾರೇಜಿನ ಕಡೆ ತಿರುಗಿದವು. ಅದೇ ವಾರ ಮನೆಯಲ್ಲೂ ಒಂದು ಸಣ್ಣ ಬದಲಾವಣೆಯಾಯಿತು. ಮಗ್ಗದ ಎಣ್ಣೆಯ ಡಬ್ಬಿ ಹೊಸದು ಬಂತು. ಹಳೆಯದೆಲ್ಲಿ ಎಂದು ಅವ್ವ ಕೇಳಿದ್ದಕ್ಕೆ ಅಪ್ಪ, “ಸೋರಾಕತ್ತಿತ್ತು, ತಿಪ್ಪಿಗೆ ಒಗದೆ” ಎಂದರು. ನಾನು ಅದಕ್ಕೆ ಲಕ್ಷ್ಯ ಕೊಡಲಿಲ್ಲ.

ಕಾಕಾ ಮಾತ್ರ ಬದಲಾಗಿಹೋದರು. ಈಗ ಬಂದವರ ಮುಂದೆಲ್ಲ ಎಣ್ಣೆಯ ಬೆರಳು ಚಾಚಿ, “ನಿಮಗ ಏನ್ ವಾಸನಿ ಬರತೈತ್ರಿ?” ಎಂದು ಕೇಳುವರು. ಜನ ಮೊದಮೊದಲು ನಕ್ಕು, ಆಮೇಲೆ ಬೇಸತ್ತರು. ಚೀಟಿಯನ್ನೇ ನಂಬದವರು ಡಬ್ಬಿಯನ್ನು ಹಿಡಿದುಕೊಂಡು ಬೇರೆಯವರಿಂದ ಎರಡೆರಡು ಸಲ ಓದಿಸುತ್ತಿದ್ದರು. ಒಂದು ದಿನ ನನ್ನ ಮೂಗಿನ ಮುಂದೆಯೂ ಬೆರಳು ಹಿಡಿದರು. “ತಮ್ಮಾ, ನಿಂದು ಎಳೇ ಮೂಗು. ನೀ ಹೇಳು.” ಗ್ಯಾರೇಜಿನಲ್ಲಿ ನಾವಿಬ್ಬರೇ ಇದ್ದೆವು. ಅಪ್ಪ ಇರಲಿಲ್ಲ, ನಗುವವರು ಯಾರೂ ಇರಲಿಲ್ಲ. ಹೇಳಬಹುದಿತ್ತು... ಮೂಸಿದೆ. “ಎಂಜಿನ್ ಎಣ್ಣೀನ ಐತ್ರಿ ಕಾಕಾ” ಎಂದೆ. ಅವರು ತಲೆಯಾಡಿಸಿದರು.

ನಾಳೆ ಹೇಳೋಣ, ನಾಡಿದ್ದು ಹೇಳೋಣ ಎಂದು ದಿನ ದೂಡಿದೆ. ಹೀಗೆ ದೂಡುವುದರಲ್ಲಿ ನನ್ನಷ್ಟು ನಿಪುಣರು ಕಡಿಮೆ. ಒಂದು ಬೆಳಿಗ್ಗೆ ಹೋದರೆ ಕಂಬಗಳಷ್ಟೇ ನಿಂತಿದ್ದವು. ಮುಳುಗಿದ ಊರಿನವರಿಗೆಂದು ಬೀಳಗಿ ಹತ್ತಿರ ಕಟ್ಟಿದ ಪುನರ್ವಸತಿ ಕೇಂದ್ರಕ್ಕೆ ಹೊರಟುಹೋದರೆಂದು ಪಕ್ಕದ ಪಾನಪಟ್ಟಿ ಅಂಗಡಿಯವ ಹೇಳಿದ.

ನಾನು ಅಲ್ಲಿಗೆ ಹೋದದ್ದು ಒಂಬತ್ತು ವರ್ಷಗಳ ಮೇಲೆ, ಅಪ್ಪ ತೀರಿಕೊಂಡ ಮರುವರ್ಷ. ಒಂದೇ ತರಹದ ಮನೆಗಳ ಸಾಲಿನಲ್ಲಿ ಹುಡುಕಿ ಹುಡುಕಿ ಮುಟ್ಟಿದರೆ ಕಾಕಾರ ಹೆಂಡತಿ, ನಾವೆಲ್ಲ ಕಾಕು ಎನ್ನುತ್ತಿದ್ದವರು, ಕಟ್ಟೆಯ ಮೇಲೆ ಕುಳಿತು ಕಡಲೆ ಹಸನು ಮಾಡುತ್ತಿದ್ದರು. ಗುರುತು ಹಿಡಿದು ಕೂರಿಸಿದರು. ಕಾಕಾ ತೀರಿಹೋಗಿ ಎರಡು ವರ್ಷವಾಗಿತ್ತು.

“ಕಡೀಕ ಕಡೀಕ ಎಲ್ಲಾ ನನಗ ಕೇಳಾವ್ರು” ಎಂದರು ಕಾಕು. “ಹಾಲ ಕೆಟ್ಟೈತೇನ ನೋಡು, ಸಾರ ಹಳಸೇತೇನ ನೋಡು. ನಿಮಗ ಮೂಗಿಲ್ಲೇನು ಅಂದ್ರ, ನನ್ನ ಮೂಗಿಂದು ನಂಬಿಗಿ ಇಲ್ಲ ಅನ್ನಾವ್ರು. ಬ್ಯಾಸಿಗಿಗೆ ಹಿನ್ನೀರ ಹಿಂದ ಸರದಾಗ ಊರ ನೋಡಾಕ ಹೋಗ್ತಿದ್ವಿ. ನಮ್ಮ ಮನಿ ಬುನಾದಿ ಕಾಣತಿತ್ತು. ಅದರ ಮ್ಯಾಲ ನಿಂತ ಕೇಳಿದ್ರು, ಊರ ವಾಸನಿ ಖರೇನ ಬರತೈತೇನ, ಇಲ್ಲಾ ನನಗ ಹಂಗ ಅನಸತೈತೇನ ಅಂತ. ಮದಲ ಅದರ ಸಂಶಯ ಇರಲಿಲ್ಲಪಾ ಅವರಿಗೆ.”

ಇನ್ನು ಕೂರಲಾಗಲಿಲ್ಲ. ಡಬ್ಬಿಯಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಅಳು ಬಂತು, ಅತ್ತುಬಿಟ್ಟೆ. ಕಾಕು ಬೈಯುತ್ತಾರೆಂದುಕೊಂಡಿದ್ದೆ. ಬೈದಿದ್ದರೆ ಹಗುರಾಗುತ್ತಿದ್ದೆನೇನೋ. ಅವರು ಮೊರದಲ್ಲಿದ್ದ ಕಡಲೆಯನ್ನು ಎರಡು ಸಲ ಕೇರಿ, “ಅವರಿಗೆ ಹೇಳಬೇಕಿತ್ತಪಾ. ನನಗ ಹೇಳಿ ಏನ್ ಮಾಡ್ತಿ?” ಎಂದರು. ಎದ್ದು ಒಳಗೆ ಹೋಗಿ ಚಹಾ ತಂದುಕೊಟ್ಟರು.

ಆಮೇಲೂ ಇಷ್ಟು ವರ್ಷ ಕಳೆದವು. ಈಗಲೂ ನನ್ನ ಗಾಡಿಗೆ ಎಣ್ಣೆ ಹಾಕಿಸುವಾಗ ಹೊಸ ಹುಡುಗರು ಯಾವುದು ಹಾಕಲಿ ಎಂದು ಕೇಳಿದರೆ ಹಿಂದೆ ಯಾರೋ ನಿಂತು ಮೂಸಿದ ಹಾಗಾಗುತ್ತದೆ. ಎಷ್ಟೋ ಸಲ ತಿರುಗಿ ನೋಡಿದ್ದೇನೆ. ತಪ್ಪು ನನ್ನೊಬ್ಬನದೇ ಎಂದು ಇಷ್ಟು ದಿನ ಹೊತ್ತುಕೊಂಡು ಬಂದಿದ್ದೆ. ಆದರೆ ಹೋದ ತಿಂಗಳು ಅಟ್ಟದಲ್ಲಿ ಸಿಕ್ಕದ್ದು ಅದೇ ಡಬ್ಬಿ. ಸೋರುತ್ತಿತ್ತು, ಎಸೆದೆ ಎಂದು ಅಪ್ಪ ಹೇಳಿದ್ದ ಡಬ್ಬಿ. ಸುತ್ತಿದ್ದ ಬಟ್ಟೆ ಅಪ್ಪನದೇ ಧೋತರ.

ಕೆಳಗಿಳಿದು ಅದನ್ನು ತೊಳೆದೆ. ಬಾಯಿತನಕ ನೀರು ತುಂಬಿ, ಬಿಸಿಲಲ್ಲಿ ಒಣಗಿದ ಹಾಸುಗಲ್ಲಿನ ಮೇಲಿಟ್ಟು ಎದುರಿಗೆ ಕುಳಿತೆ. ಒಂದು ತಾಸಾಯಿತು, ಎರಡು ತಾಸಾಯಿತು. ಹೆಂಡತಿ ಊಟಕ್ಕೆ ಕರೆದಳು, ನಾನು ಏಳಲಿಲ್ಲ. ಕಡೆಗೆ ಡಬ್ಬಿ ಎತ್ತಿ ನೋಡಿದೆ. ಅಡಿಯ ಕಲ್ಲು ಒಣಗಿಯೇ ಇತ್ತು. ಡಬ್ಬಿ ಸೋರುತ್ತಿರಲಿಲ್ಲ. ಸೋರದ ಡಬ್ಬಿಯನ್ನು ಅಪ್ಪ ಬಚ್ಚಿಟ್ಟದ್ದಕ್ಕೆ ಒಂದೇ ಕಾರಣ. ನಸುಕಿನಲ್ಲಿ ತುಂಬಿಟ್ಟ ಡಬ್ಬಿ ಸಂಜೆಗೆ ಅರ್ಧವಾದದ್ದನ್ನು ಅಪ್ಪ ನೋಡಿದ್ದರು. ನೋಡಿಯೂ, ಮರುದಿನ ಚಹಾದಂಗಡಿಗೆ ಹೋಗಿ ಮಿಸ್ತ್ರಿಯ ಕೈ ಕೆಟ್ಟಿತೆಂದು ಹೇಳಿದ್ದರು, ಮಗನನ್ನು ಉಳಿಸಲು. ಅಪ್ಪನೂ ನಾನೂ ಆಮೇಲೆ ಅಷ್ಟು ವರ್ಷ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡೆವು, ಒಬ್ಬರೂ ಬಾಯಿ ಬಿಡಲಿಲ್ಲ.

ಆ ದಿನ ಗ್ಯಾರೇಜಿನಲ್ಲಿ ಎಣ್ಣೆಯ ತಟ್ಟೆಯ ಸುತ್ತ ನಿಂತವರಲ್ಲಿ ನಾವು ಮೂವರಿದ್ದೆವು. ಸಂಜೆಯ ಹೊತ್ತಿಗೆ, ಮಿಸ್ತ್ರಿ ಕಾಕಾರ ಮೂಗು ಸರಿಯಾಗಿಯೇ ಇದೆ ಎಂದು ಇಬ್ಬರಿಗೆ ಗೊತ್ತಿತ್ತು. ಗೊತ್ತಾಗದೇ ಹೋದದ್ದು ಅವರೊಬ್ಬರಿಗೆ.