ಸಣ್ಣ ಕೀಲಿಕೈ

ತಿಕೋಟಾದ ನಮ್ಮ ಓಣಿಯಲ್ಲಿ ನಾನು ಬರುತ್ತಿರುವುದು ಕಾಣುವುದಕ್ಕಿಂತ ಮೊದಲು ಕೇಳುತ್ತದೆ. ಸೊಂಟದಲ್ಲಿ ಕೀಲಿಕೈ ಗೊಂಚಲು ಇದೆ, ನಡೆದರೆ ಸಪ್ಪಳ ಮಾಡುತ್ತದೆ. ಮಲಗುವಾಗಲೂ ಬಿಚ್ಚುವುದಿಲ್ಲ. ಸೊಸೆ ಸಾಯಬಾರದೆಂದು ಕಟ್ಟಿಕೊಂಡದ್ದು ಅದು. ಬೇರೆ ಕಾರಣ ಹೇಳುವವರು ಬಹಳ ಮಂದಿ ಇದ್ದಾರೆ. ಹೇಳಲಿ.

ಸೊಸೆ ಬಬಲೇಶ್ವರದವಳು. ಒಂದು ಹೆಣ್ಣು ಕೂಸಿದೆ, ಅಂಗನವಾಡಿಗೆ ಹೋಗುತ್ತದೆ. ನನಗೂ ಸೊಸೆಗೂ ಅಂಥ ಪ್ರೀತಿಯೇನೂ ಇರಲಿಲ್ಲ, ಅಂಥ ಜಗಳವೂ ಇರಲಿಲ್ಲ. ನಾನು ಹಿಟ್ಟು ಸಾಣಿಸಿ ಕೊಡುತ್ತಿದ್ದೆ, ಅವಳು ರೊಟ್ಟಿ ಬಡಿಯುತ್ತಿದ್ದಳು. ನನ್ನ ಮಗ ದ್ರಾಕ್ಷಿ ತೋಟಕ್ಕೆ ಹೋಗುತ್ತಿದ್ದ. ಹಾಗೆ ನಡೆದಿತ್ತು.

ಮೊದಲು ನಿಂತದ್ದು ರೊಟ್ಟಿಯ ಸಪ್ಪಳ. ಒಂದು ಮುಂಜಾನೆ ಒಲೆ ಹೊತ್ತಿಸಿದಳು, ಹಿಟ್ಟು ನಾದಿದಳು, ನಾದಿದ್ದರ ಮುಂದೆ ಸುಮ್ಮನೆ ಕುಳಿತಳು. ಹೆಂಚು ಕಾದು ಕೆಂಪಾದರೂ ಏಳಲಿಲ್ಲ, ಬಡಿಯಲಿಲ್ಲ. ಆಮೇಲೆ ಸ್ನಾನ ಬಿಟ್ಟಳು, ತಲೆ ಬಾಚುವುದು ಬಿಟ್ಟಳು, ಕೂಸಿನ ಜಡೆ ಹಾಕುವುದು ಬಿಟ್ಟಳು. ಗೋಡೆಗೆ ಮುಖ ಮಾಡಿ ಮಲಗಿದರೆ ಸಂಜೆ ತನಕ ಅದೇ ಮಗ್ಗಲು. ಯಾಕೆ ಹೀಗೆ ಎಂದು ಎಲ್ಲರೂ ಕೇಳಿದರು. ಗಂಡ ಹೊಡೆಯುತ್ತಾನೆಯೇ, ಅತ್ತೆ ಕಾಡುತ್ತಾಳೆಯೇ, ದಾರಿಯಲ್ಲಿ ಮಾಟ ಮಾಡಿ ಇಟ್ಟದ್ದೇನಾದರೂ ದಾಟಿದಳೇ. ಕಾರಣ ಸಿಗಲಿಲ್ಲ. ಕಾರಣ ಸಿಕ್ಕಿದ್ದರೆ ಮಂದಿಗೆ ಅನುಕೂಲವಾಗುತ್ತಿತ್ತು, ಅಷ್ಟೇ.

ತಾಯತ ಕಟ್ಟಿಸಿದೆವು. ಹರಕೆ ಹೊತ್ತೆವು. ಬಂದವರೆಲ್ಲ ಚಹಾ ಕುಡಿದು ಧೈರ್ಯ ಹೇಳಿ ಹೋದರು. ಒಂದು ಮಧ್ಯಾಹ್ನ ಮಗ ತೋಟದಿಂದ ಊಟಕ್ಕೆ ಬಂದಾಗ ಅವಳು ಹಾಸಿಗೆಯಲ್ಲಿ ಇರಲಿಲ್ಲ. ಹಿತ್ತಲ ಶೆಡ್ಡಿನಲ್ಲಿ ಎಣ್ಣೆಯ ಡಬ್ಬಿ ಮಡಿಲಲ್ಲಿ ಇಟ್ಟುಕೊಂಡು ಕುಳಿತಿದ್ದಳು. ಎಣ್ಣೆ ಎಂದರೆ ಅಡುಗೆಯದಲ್ಲ, ದ್ರಾಕ್ಷಿಗೆ ಹೊಡೆಯುವ ವಿಷ. ಮುಚ್ಚಳ ತೆಗೆದಿರಲಿಲ್ಲ. ಮಗ ಕಸಿದುಕೊಂಡ, ಅವಳು ಬಿಟ್ಟುಕೊಟ್ಟಳು. ಅಳಲಿಲ್ಲ. ಅದೇ ಹೊತ್ತಿಗೆ ಜೀಪು ಹಿಡಿದು ವಿಜಯಪುರಕ್ಕೆ ಕರೆದುಕೊಂಡು ಹೋದೆವು.

ಮನಸ್ಸಿನ ರೋಗದ ವಾರ್ಡಿನಲ್ಲಿ ಪೇಷಂಟಿನ ಜೊತೆ ಮನೆಯವರು ಒಬ್ಬರು ಇರಲೇಬೇಕು. ಮಗನಿಗೆ ತೋಟದಲ್ಲಿ ಚಾಟನಿ ನಡೆದಿತ್ತು, ಬಳ್ಳಿ ಕತ್ತರಿಸುವ ಕೆಲಸ ನಾಳೆಗೆ ಎನ್ನುವಂಥದ್ದಲ್ಲ. ಅವಳ ತವರಿನವರು ಬರಲಿಲ್ಲ. ಇವಳ ತಂಗಿಯ ಲಗ್ನದ ಮಾತು ನಡೆದಿದೆ, ಹುಚ್ಚರ ದವಾಖಾನೆ ಎಂದು ಗೊತ್ತಾದರೆ ಮುರಿಯುತ್ತದೆ ಎಂದು ಹೇಳಿ ಕಳಿಸಿದರು. ಕೂಸನ್ನು ನೆರೆಮನೆಯಲ್ಲಿ ಬಿಟ್ಟು ನಾನೇ ಉಳಿದೆ.

ಅಲ್ಲಿ ಒಬ್ಬ ಸಿಸ್ಟರ್ ಇದ್ದಳು. ನಡುವಯಸ್ಸಿನವಳು, ನಗುವುದು ಕಡಿಮೆ. ಬಂದವಳೇ ನಮ್ಮ ಚೀಲ ಸುರುವಿದಳು. ಹಗ್ಗ, ಪಿನ್ನು, ಬ್ಲೇಡು ಹುಡುಕುತ್ತಿದ್ದಳು. ಸೊಸೆಯ ಗಾಜಿನ ಬಳೆ ತೆಗೆಸಿದಳು. ಮುತ್ತೈದೆಯ ಬಳೆ ಎಂದು ನಾನು ಜೋರು ಮಾಡಿದೆ. ಬಳೆ ಆಮೇಲೆ ಇಡಿಸಬಹುದು ಎಂದಳು. ನನ್ನ ಎಲೆಅಡಿಕೆ ಸಂಚಿಯಲ್ಲಿ ಕೈ ಹಾಕಿ ಅಡಕತ್ತರಿಯನ್ನೂ ತೆಗೆದುಕೊಂಡಳು. ಬಾಯಲ್ಲಿ ಹಲ್ಲಿಲ್ಲದ ನಾನು ಇಡೀ ಅಡಿಕೆ ಹೇಗೆ ತಿನ್ನಬೇಕು ಎಂದು ಕೇಳಿದೆ.

‘ಚೀಪ್ರಿ ಆಯಿ,’ ಅಂದಳು. ‘ಹೊತ್ತ ಹೋಗತೈತಿ.’

ಅವಳ ಕೆಲಸವನ್ನು ನಾನು ದಿನವೆಲ್ಲ ಕುಳಿತು ನೋಡಿದೆ, ಬೇರೆ ನೋಡಲು ಏನೂ ಇರಲಿಲ್ಲ. ಗುಳಿಗೆ ಕೊಟ್ಟು ಹೋಗುತ್ತಿರಲಿಲ್ಲ. ನುಂಗಿಸಿ, ನೀರು ಕುಡಿಸಿ, ಬಾಯಿ ತೆಗೆಸಿ, ನಾಲಿಗೆ ಎತ್ತಿಸಿ ನೋಡುತ್ತಿದ್ದಳು. ಕೆಲವರು ದವಡೆಯಲ್ಲಿ ಇಟ್ಟುಕೊಂಡು ಕೂಡಿಡುತ್ತಾರಂತೆ, ಒಮ್ಮೆಗೇ ನುಂಗಲು. ಸ್ನಾನ ಮಾಡು ಎಂದು ಸೊಸೆಗೆ ಹೇಳುತ್ತಿರಲಿಲ್ಲ. ಇವತ್ತು ಕಾಲು ತೊಳೆದುಕೋ ಸಾಕು, ಎನ್ನುತ್ತಿದ್ದಳು. ಮರುದಿನ ಕಾಲು, ಮುಖ. ಬಿಡುವು ಸಿಕ್ಕಾಗ ಕುರ್ಚಿ ಎಳೆದುಕೊಂಡು ಬಗಲಲ್ಲಿ ಕುಳಿತು, ನಾನು ಇಷ್ಟು ಹೊತ್ತು ಇಲ್ಲಿರುತ್ತೇನೆ, ನೀನು ಮಾತಾಡಲೇಬೇಕು ಎಂದೇನಿಲ್ಲ, ಎಂದು ಹೇಳುತ್ತಿದ್ದಳು. ಸುಮ್ಮನೆ ಕುಳಿತು, ಹೇಳಿದ ಹೊತ್ತಿಗೆ ಎದ್ದು ಹೋಗುತ್ತಿದ್ದಳು. ಇದಕ್ಕೆ ಪಗಾರ ಕೊಡುತ್ತಾರೆಯೇ ಎಂದು ನನಗೆ ಅನಿಸುತ್ತಿತ್ತು.

ನಾನು ಸೊಸೆಗೆ ಧೈರ್ಯ ಹೇಳುವುದನ್ನು ಒಂದು ದಿನ ಕೇಳಿಸಿಕೊಂಡಳು. ಗಂಡ ಒಳ್ಳೆಯವನು, ಕೂಸು ಚಂದ ಇದೆ, ತೋಟ ಇದೆ, ನಿನಗೇನು ಕಡಿಮೆ ಎಂದು ನಾನು ಹೇಳುತ್ತಿದ್ದೆ. ನನ್ನನ್ನು ಹೊರಗೆ ಕರೆದಳು.

‘ಆಯಿ, ನೀರಿಲ್ಲದ ಬಾವ್ಯಾಗ ಕೊಡಾ ಬಿಟ್ಟಂಗ ಅದು. ಬರೇ ಕಲ್ಲಿಗಿ ಬಡಕೋತೈತಿ. ಹೇಳಬ್ಯಾಡ್ರಿ. ಬಾಜೂಕ ಕುಂದರ್ರಿ, ಸಾಕು.’

ಇನ್ನೊಂದು ದಿನ ನನಗೆ ಅವಳ ಮೇಲೆ ಸಿಟ್ಟು ಬಂತು. ಸೊಸೆಯ ಕಣ್ಣಲ್ಲಿ ಕಣ್ಣಿಟ್ಟು, ಊಟ ಆಯಿತೇ ಎಂದು ಕೇಳಿದ ಹಾಗೆ, ‘ಸಾಯಬೇಕು ಅನಸ್ತೈತೇನು?’ ಎಂದು ಕೇಳಿದಳು. ಸೊಸೆ ಹೂಂ ಎಂದಳು. ಹೇಗೆ ಎಂದು ವಿಚಾರ ಮಾಡಿದ್ದೀಯಾ ಎಂದು ಕೇಳಿದಳು. ಅದಕ್ಕೂ ಹೂಂ. ನಾನು ಬಾಗಿಲಲ್ಲಿ ಸಿಸ್ಟರನ್ನು ತಡೆದೆ. ಮರೆತದ್ದನ್ನು ಯಾಕೆ ನೆನಪು ಮಾಡಿಕೊಡುತ್ತೀರಿ ಎಂದೆ.

‘ಆಕಿ ಮರತಿಲ್ರಿ ಆಯಿ. ನಾ ಕೇಳಿದ್ದಕ್ಕ ಬಂದದ್ದಲ್ಲ ಅದು. ಯಾರೂ ಕೇಳದಿದ್ರ ಒಬ್ಬಾಕಿನ ಹೊತಗೊಂಡು ಕುಂತಿರತಾಳ.’

ಮನೆಗೆ ಬಿಡುವ ದಿನ ಅವಳು ನನ್ನನ್ನು ಕೂಡಿಸಿ ಹೇಳಿದ್ದು ನನಗೆ ಬಾಯಿಪಾಠ ಆಗಿದೆ, ಎರಡು ಸಲ ನನ್ನ ಬಾಯಿಂದ ಹೇಳಿಸಿದಳು. ಎಣ್ಣೆ, ಹಗ್ಗ, ಕಾಳಿಗೆ ಹುಳ ಬೀಳದಂತೆ ಹಾಕುವ ವಿಷದ ಗುಳಿಗೆ, ಅವಳ ಸ್ವಂತ ಗುಳಿಗೆ, ಎಲ್ಲ ಕೀಲಿ ಹಾಕಿ ಇಡಬೇಕು. ಕೀಲಿಕೈ ಒಬ್ಬರ ಮೈಮೇಲೆಯೇ ಇರಬೇಕು, ಗೂಟಕ್ಕೆ ನೇತು ಹಾಕಬಾರದು. ಗುಳಿಗೆ ನಾನೇ ಕೊಡಬೇಕು. ಕೊನೆಗೆ ಹೇಳಿದ್ದು ನನಗೆ ಆಗ ತಿಳಿಯಲಿಲ್ಲ.

‘ಮಲಗಿದಾಗ ಭಾಳ ಅಂಜಬ್ಯಾಡ್ರಿ. ಎದ್ದು ಓಡ್ಯಾಡಾಕ ಹತ್ತತಾಳಲ್ಲ, ಆವಾಗ ಅಂಜರಿ. ಮೈಯಾಗ ತಾಕತ್ತ ಮೊದಲ ಬರತೈತಿ, ಮನಸ ಆಮ್ಯಾಲ ಬರತೈತಿ.’

ತಿಕೋಟಾಕ್ಕೆ ಬಂದು ಹೇಳಿದಂತೆ ಮಾಡಿದೆ. ಶೆಡ್ಡಿನ ಎಣ್ಣೆ ಡಬ್ಬಿಗಳನ್ನು ಮಗ ಬೇರೆಯವರ ತೋಟಕ್ಕೆ ಸಾಗಿಸಿದ. ಸದ್ಯಕ್ಕೆ ಹೊಡೆಯಲು ಬೇಕಾದಷ್ಟು ಎಣ್ಣೆ, ಕಾಳಿನ ಗುಳಿಗೆ, ಅವಳ ಔಷಧಿ, ಎಲ್ಲ ನನ್ನ ಲಗ್ನದ ಕಬ್ಬಿಣದ ಟ್ರಂಕಿಗೆ ಹಾಕಿದೆ. ಟ್ರಂಕಿಗೆ ಒಂದು ಸಣ್ಣ ಕೀಲಿ. ಟ್ರಂಕು ಇಟ್ಟ ಜೋಳದ ಕೋಣೆಗೆ ಒಂದು ದೊಡ್ಡ ಕೀಲಿ. ಎರಡೂ ಕೀಲಿಕೈಗಳನ್ನು ಮನೆಯ ಉಳಿದ ಕೀಲಿಕೈಗಳ ಗೊಂಚಲಿಗೆ ಸೇರಿಸಿ ಸೊಂಟಕ್ಕೆ ಕಟ್ಟಿದೆ.

ನಮ್ಮ ಊರಿನಲ್ಲಿ ಅತ್ತೆಯಾದವಳು ಕಾಳಿನ ಕೋಣೆಗೆ ಕೀಲಿ ಹಾಕಿದರೆ ಅದಕ್ಕೆ ಒಂದೇ ಅರ್ಥ: ಸೊಸೆಗೆ ಹೊಟ್ಟೆಗೆ ಹಾಕುವುದಿಲ್ಲ. ನಳದ ಹತ್ತಿರ ಹೆಂಗಸರು ನನ್ನನ್ನು ನೋಡಿ, ‘ಬ್ಯಾಂಕಿನ ಸಾಹೇಬರು ಬಂದ್ರು, ದಾರಿ ಬಿಡ್ರಿ’ ಅನ್ನುತ್ತಿದ್ದರು. ಕೇಳಿಸುವಷ್ಟು ಜೋರಾಗಿಯೇ ಅನ್ನುತ್ತಿದ್ದರು. ಸುದ್ದಿ ಬಬಲೇಶ್ವರ ಮುಟ್ಟಿತು. ಬಸ್ಸಿನಲ್ಲಿ ಮಂದಿಗಿಂತ ಮೊದಲು ಸುದ್ದಿ ಹೋಗುತ್ತದೆ.

ಅಷ್ಟರಲ್ಲಿ ಸೊಸೆ ಎದ್ದಳು. ಮೊದಲು ಅಂಗಳಕ್ಕೆ ನೀರು ಹಾಕಿದಳು. ಆಮೇಲೆ ತಾನಾಗಿ ಮೈ ತೊಳೆದುಕೊಂಡಳು. ಒಂದು ಮುಂಜಾನೆ ರೊಟ್ಟಿಯ ಸಪ್ಪಳ ಕೇಳಿತು, ಮಗ ಹಾಸಿಗೆಯಲ್ಲೇ ಎದ್ದು ಕುಳಿತು ಅತ್ತ. ಓಣಿಯವರು ಬಂದು ನೋಡಿ, ಆರಾಮ ಆದಳು ಬಿಡ್ರಿ ಎಂದರು. ನಾನೂ ಹಾಗೇ ತಿಳಿದಿದ್ದೆನೇನೋ, ಆದರೆ ಅವಳು ತನ್ನ ಲಗ್ನದ ಇಲಕಲ್ಲ ಸೀರೆಯನ್ನು ನೆರೆಮನೆಯ ಹುಡುಗಿಗೆ ಕೊಟ್ಟಳು. ಕೂಸಿಗೆ ತಾನೇ ಬುತ್ತಿ ಕಟ್ಟಿಕೊಳ್ಳುವುದನ್ನು, ತಾನೇ ಜಡೆ ಹಾಕಿಕೊಳ್ಳುವುದನ್ನು ಕಲಿಸಲು ಕುಳಿತಳು. ಅಂಗನವಾಡಿಯ ಕೂಸಿಗೆ ಯಾರು ಅದನ್ನು ಕಲಿಸುತ್ತಾರೆ? ಮುಖದಲ್ಲಿ ನಗು ಇತ್ತು. ಗೋಡೆಗೆ ಮುಖ ಮಾಡಿ ಮಲಗಿದ್ದಾಗ ಬರದ ಹೆದರಿಕೆ ನನಗೆ ಆ ನಗು ಕಂಡು ಬಂತು. ಸೊಂಟದ ಕೀಲಿಕೈ ಗಂಟು ಬಿಗಿ ಮಾಡಿಕೊಂಡೆ.

ಆ ವಾರವೇ ಬೀಗರು ಬಂದರು. ಅವಳ ತಾಯಿ, ಬಬಲೇಶ್ವರದಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ಅಣ್ಣ. ಕಿರಿಯ ಮಗಳ ಲಗ್ನ ಗಟ್ಟಿಯಾಗಿತ್ತು, ಹಾಗಾಗಿ ಈಗ ಬರಲು ಅಡ್ಡಿ ಇರಲಿಲ್ಲ. ನಮ್ಮ ಓಣಿಯ ಹಿರಿಯರಿಬ್ಬರನ್ನೂ ಕರೆದುಕೊಂಡು ಪಡಸಾಲೆಯಲ್ಲಿ ಕುಳಿತರು. ಅಣ್ಣ ಕೆಟ್ಟವನಲ್ಲ, ತಂಗಿಗೆ ಒಳ್ಳೆಯದು ಮಾಡಲು ಬಂದಿದ್ದ. ಅವನ ಮಾತಿನ ಸಾರ ಇಷ್ಟು: ರೋಗ ಗೀಗ ಏನಿಲ್ಲ, ಇಷ್ಟು ವರ್ಷ ಆದರೂ ಹುಡುಗಿಯ ಕೈಗೆ ಮನೆತನ ಬಂದಿಲ್ಲ, ಅದೇ ಮನಸ್ಸಿಗೆ ಹತ್ತಿದೆ, ಕೀಲಿಕೈ ಕೊಟ್ಟರೆ ತಾನೇ ಗಟ್ಟಿಯಾಗುತ್ತಾಳೆ. ಹಿರಿಯರು ಗೋಣು ಹಾಕಿದರು. ಗುಳಿಗೆ ನುಂಗುವುದಕ್ಕಿಂತ ಅದು ಚಲೋ ಎಂದ ಒಬ್ಬ.

ದವಾಖಾನೆಯಲ್ಲಿ ಹೀಗೆ ಹೇಳಿದ್ದಾರೆ ಎಂದೆ. ಬೀಗತಿ ನನ್ನನ್ನು ನೋಡಿದಳು.

‘ದವಾಖಾನ್ಯಾಗ ಜ್ವಾಳದ ಕ್ವಾಣಿ ಕೀಲಿ ಹಾಕು ಅಂತ ಹೇಳತಾರೇನ ಬೀಗತಿ? ನಮಗೂ ಅತ್ತಿ ಇದ್ದಳು. ಕೀಲಿ ಯಾಕ ಹಾಕತಾರ ನಮಗೂ ಗೊತ್ತೈತಿ.’

ಮಗನ ಕಡೆ ನೋಡಿದೆ. ಅವನು ನೆಲ ನೋಡುತ್ತಿದ್ದ. ಮುಂಜಾನೆ ರೊಟ್ಟಿಯ ಸಪ್ಪಳ ಕೇಳಿದವನು ಅವನು, ಅವನಿಗೆ ಇವರ ಮಾತೇ ಬೇಕಾಗಿತ್ತು. ‘ಕೊಟ್ಟ ಬಿಡ ಯವ್ವಾ,’ ಅಂದ.

ಉಡಿ ತುಂಬಿ ಕೊಡುವುದು ಎಂದಾಯಿತು. ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಖಣ ತರಲು ನಾನು ಒಳಗೆ ಹೋದೆ. ಅಲ್ಲಿ ಗೊಂಚಲು ಬಿಚ್ಚಿ ಟ್ರಂಕಿನ ಸಣ್ಣ ಕೀಲಿಕೈಯನ್ನು ತೆಗೆದು ಎಲೆಅಡಿಕೆ ಸಂಚಿಯಲ್ಲಿ ಅಡಕತ್ತರಿಯ ಕೆಳಗೆ ಹಾಕಿದೆ. ಉಳಿದದ್ದನ್ನು ತಾಟಿನಲ್ಲಿ ಇಟ್ಟು, ಕುಂಕುಮ ಹಚ್ಚಿ ತಂದೆ.

ಸೊಸೆ ತಲೆ ಮೇಲೆ ಸೆರಗು ಹೊದ್ದು ಮಣೆಯ ಮೇಲೆ ಕುಳಿತಿದ್ದಳು. ಉಡಿ ತುಂಬಿದೆ, ಗೊಂಚಲನ್ನು ಅಕ್ಕಿಯ ಮೇಲೆ ಇಟ್ಟೆ. ಬೀಗತಿ ಕಣ್ಣು ಒರೆಸಿಕೊಂಡಳು. ಸೊಸೆ ಗೊಂಚಲನ್ನು ಎತ್ತಿಕೊಂಡಳು. ಕಣ್ಣಿಗೆ ಒತ್ತಿಕೊಳ್ಳಲಿಲ್ಲ. ಒಂದೊಂದೇ ಕೀಲಿಕೈಯನ್ನು ಬೆರಳಿನಿಂದ ಸರಿಸಿದಳು. ಕೊನೆಯ ತನಕ ಸರಿಸಿ, ಮತ್ತೆ ಮೊದಲಿಂದ ಸರಿಸಿದಳು.

‘ಅತ್ತಿ, ಸಣ್ಣದಿಲ್ಲ,’ ಅಂದಳು.

ಎಲ್ಲರೂ ನಕ್ಕರು. ‘ನೋಡ್ರಿ, ಈಗ ಕೊಟ್ರ ಈಗ ಲೆಕ್ಕ ಕೇಳತಾಳ, ಬಂತಲ್ಲ ಮನಿತನ,’ ಎಂದ ಅಣ್ಣ. ಅದನ್ನೂ ಕೊಡಿರಿ, ಅರ್ಧ ಕೊಡಬಾರದು ಎಂದು ಹಿರಿಯರು ಹೇಳಿದರು.

ನಾನು ನಗಲಿಲ್ಲ, ಅವಳೂ ನಗಲಿಲ್ಲ. ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದಳು. ತಿಜೋರಿಯ ಕೀಲಿಕೈ ಅದರಲ್ಲಿತ್ತು, ಬಂಗಾರ ಇಟ್ಟ ಕಪಾಟಿನದೂ ಇತ್ತು. ಅವಳಿಗೆ ಬೇಕಾದದ್ದು ಅದಲ್ಲ. ಆ ಟ್ರಂಕಿನಲ್ಲಿ ಏನಿದೆ ಎಂದು ನನಗೆ, ಮಗನಿಗೆ, ಅವಳಿಗೆ ಗೊತ್ತಿತ್ತು.

ನಾನು ಅವಳ ಮುಂದೆ ನೆಲದ ಮೇಲೆ ಕುಳಿತೆ. ಮೊಣಕಾಲು ಮಡಚುವುದು ತಡವಾಯಿತು, ಅಷ್ಟರಲ್ಲಿ ನಗು ನಿಂತಿತ್ತು. ಸಿಸ್ಟರ್ ಕೇಳಿದ ಹಾಗೆ ಕೇಳಿದೆ.

‘ಸಾಯಬೇಕಂತ ಮಾಡೀಯೇನ ಬೇ?’

ಬೀಗತಿ ಎದ್ದು ನಿಂತು ನನ್ನನ್ನು ಬಾಯಿಗೆ ಬಂದಂತೆ ಬೈದಳು. ಉಡಿ ತುಂಬಿದ ಹೆಣ್ಣುಮಗಳಿಗೆ ಇಂಥ ಮಾತು ಆಡಿದ ನಾಲಿಗೆಗೆ ಹುಳ ಬೀಳಲಿ ಎಂದಳು. ನಾನು ತಿರುಗಿ ನೋಡಲಿಲ್ಲ.

‘ಹೂಂ,’ ಅಂದಳು ಸೊಸೆ.

ಸಣ್ಣ ದನಿ, ಆದರೆ ಎಲ್ಲರಿಗೂ ಕೇಳಿತು. ಬೀಗತಿಯ ಬೈಗುಳ ಅಲ್ಲಿಗೇ ನಿಂತಿತು. ಸೊಸೆ ಗೊಂಚಲನ್ನು ನನ್ನ ಕೈಯಲ್ಲಿ ಇಟ್ಟಳು. ಉಡಿಯಲ್ಲಿದ್ದ ಅಕ್ಕಿ ಅಷ್ಟೂ ನೆಲಕ್ಕೆ ಬಿತ್ತು.

ಮಧ್ಯಾಹ್ನದ ಬಸ್ಸಿಗೆ ವಿಜಯಪುರಕ್ಕೆ ಹೋದೆವು. ಅಣ್ಣ ಜೊತೆಗೆ ಬಂದ. ದಾರಿಯುದ್ದಕ್ಕೂ ತಂಗಿಯ ಕೈ ಹಿಡಿದುಕೊಂಡಿದ್ದ. ಅದೇ ಸಿಸ್ಟರ್ ಇದ್ದಳು. ಕೇಳಬೇಕಾದದ್ದು ಕೇಳಿದಳು, ಚೀಲ ಸುರುವಿದಳು, ಬಳೆ ತೆಗೆಸಿದಳು. ನಾನು ಅಡಕತ್ತರಿಯನ್ನು ಕೇಳುವ ಮೊದಲೇ ಕೊಟ್ಟೆ. ಅದರ ಜೊತೆ ಸಣ್ಣ ಕೀಲಿಕೈಯೂ ಬಂತು. ಇದೇನು ಎಂದಳು. ಹೇಳಿದೆ. ಕೀಲಿಕೈಯನ್ನು ನನಗೆ ತಿರುಗಿ ಕೊಟ್ಟಳು, ಅಡಕತ್ತರಿ ಇಟ್ಟುಕೊಂಡಳು. ಶಹಬ್ಬಾಸ್ ಎನ್ನಲಿಲ್ಲ.

ಈಗ ಸೊಸೆ ಮನೆಯಲ್ಲಿದ್ದಾಳೆ. ಆರಾಮ ಆಗಿದ್ದಾಳೆಯೇ ಎಂದು ಕೇಳಿದರೆ ನನಗೆ ಗೊತ್ತಿಲ್ಲ. ಗುಳಿಗೆ ನಡೆದಿದೆ. ಕೆಲವು ದಿನ ರೊಟ್ಟಿ ಬಡಿಯುತ್ತಾಳೆ, ಕೆಲವು ದಿನ ಗೋಡೆ ನೋಡುತ್ತಾಳೆ. ನನ್ನ ಮೇಲೆ ಪ್ರೀತಿ ಬಂದಿದೆ ಎಂದು ನನಗೆ ಅನಿಸುವುದಿಲ್ಲ, ಬಂದರೆ ಏನು ಮಾಡಬೇಕು ಎಂದೂ ತಿಳಿಯುವುದಿಲ್ಲ. ಬಬಲೇಶ್ವರದಲ್ಲಿ ನಾನು ಇನ್ನೂ ಕೀಲಿಕೈ ಅತ್ತೆಯೇ. ಬೀಗತಿ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಆ ದಿನ ತುಂಬಿದ ಮನೆಯಲ್ಲಿ ಮಗಳ ಬಾಯಿಂದ ಆ ಮಾತು ಹೊರಡಿಸಿದವಳು ನಾನು, ಅದನ್ನು ಯಾವ ತಾಯಿಯೂ ಮರೆಯುವುದಿಲ್ಲ. ನಾನಾದರೂ ಮರೆಯುತ್ತಿರಲಿಲ್ಲ.

ಒಂದು ಮಾತ್ರ ಬದಲಾಗಿದೆ. ಕೆಲವು ಮುಂಜಾನೆ ಅವಳು ಒಲೆಯ ಮುಂದೆ ಬಂದು ಕುಳಿತು, ನನ್ನ ಕಡೆ ನೋಡದೆ ಹೇಳುತ್ತಾಳೆ.

‘ಅತ್ತಿ, ಇವತ್ತ ಕೀಲಿಕೈ ಸರಿ ನೋಡ್ಕೋರಿ.’

ಅಂಥ ದಿನ ನಾನು ನಳಕ್ಕೂ ಹೋಗುವುದಿಲ್ಲ. ಹಿಟ್ಟಿನ ಪರಾತ ಎಳೆದುಕೊಂಡು, ಬಾರದ ಕೈಯಲ್ಲಿ ರೊಟ್ಟಿ ಬಡಿಯುತ್ತ, ಅವಳ ಬಾಜೂಕ್ಕೆ ಕುಳಿತಿರುತ್ತೇನೆ.