ಸಾಲಿನೊಳಗೊಂದು ಸಾಲು

ಬೆಳಗಾವಿಯ ಹತ್ತಿರದ ಮಚ್ಛೆಯ ಎರಕದ ಕಾರ್ಖಾನೆಗೆ ಕಂಪ್ಯೂಟರ್ ಬಂದದ್ದು ಎಂಬತ್ತಾರನೆಯ ಇಸವಿಯಲ್ಲಿ, ದೀಪಾವಳಿ ಇನ್ನೂ ದೂರವಿದ್ದಾಗ. ಮಾಲೀಕ ಗುರುಪುತ್ರಪ್ಪನವರು ಪುಣೆಯಲ್ಲಿ ತಮ್ಮ ಬೀಗರ ಆಫೀಸಿನಲ್ಲಿ ಅದನ್ನು ನೋಡಿ ಬಂದವರು, ತಮಗೂ ಒಂದು ಬೇಕೆಂದು ಹಟ ಹಿಡಿದು ತರಿಸಿದರು. ಅದಕ್ಕೊಂದು ಗಾಜಿನ ಬಾಗಿಲಿನ ಕೋಣೆಯಾಯಿತು. ಕಿಟಕಿಗೆ ಏಸಿ ಕೂತಿತು. ಬಾಗಿಲ ಹೊರಗೆ ಚಪ್ಪಲಿ ಬಿಡಬೇಕೆಂದು ಬೋರ್ಡು ಬಂತು. ಕಾಯಿ ಒಡೆದು, ತೆರೆಯ ಹಣೆಗೆ ವಿಭೂತಿ ಹಚ್ಚಿ, ಎಲ್ಲರಿಗೂ ಪೇಢೆ ಹಂಚಿದ್ದಾಯಿತು. ಆಮೇಲೆ ತಿಂಗಳೊಪ್ಪತ್ತು ಅದನ್ನು ಮುಟ್ಟಿದವರಿಲ್ಲ.

ಕೊನೆಗೆ ಸಾಹುಕಾರರು ಕಾಂತಾಳನ್ನು ಕರೆದರು. "ಬಾಯಾರ, ಕೀ ನೋಡದನ ಟೈಪ್ ಮಾಡವ್ರು ನಮ್ಮಲ್ಲಿ ನೀವೊಬ್ರ. ಇದರ ಮುಂದ ನೀವ ಕುಂದರ್ರಿ."

ಕಾಂತಾ ಖಾನಾಪುರದವಳು. ಅವಳ ತಂದೆ ರಾಯಪ್ಪ ಅಲ್ಲಿಯ ಹಂಚಿನ ಕಾರ್ಖಾನೆಯಲ್ಲಿದ್ದರು. ಎಪ್ಪತ್ಮೂರರ ಮಳೆಗಾಲದಲ್ಲಿ ವಿಷಮಜ್ವರ ಬಂದು ಹದಿನೈದು ದಿನಕ್ಕೆ ಹೋಗಿಬಿಟ್ಟರು. ಆಗಷ್ಟೇ ಮೆಟ್ರಿಕ್ ಮುಗಿಸಿದ್ದ ಕಾಂತಾ ದಿನಾ ಬೆಳಿಗ್ಗೆ ಬಸ್ಸು ಹಿಡಿದು ಬೆಳಗಾವಿಗೆ ಹೋಗಿ ಟೈಪಿಂಗ್ ಕಲಿತಳು. ಮಚ್ಛೆಯಲ್ಲಿ ನೌಕರಿ ಸಿಕ್ಕಿತು. ತಮ್ಮನನ್ನು ಓದಿಸಿದಳು, ಅವನು ಕೊಲ್ಲಾಪುರದಲ್ಲಿ ಕೆಲಸ ಹಿಡಿದು ಅಲ್ಲಿಯವಳನ್ನೇ ಲಗ್ನವಾಗಿ ಅಲ್ಲಿಯೇ ನಿಂತ. ಅವ್ವ ಗೌರವ್ವನಿಗೆ ಎಡಗಾಲು, ಎಡಗೈ ಸ್ವಾಧೀನ ತಪ್ಪಿತು. ಬಂದ ವರಗಳಿಗೆಲ್ಲ "ಸದ್ಯಕ್ಕ ಬ್ಯಾಡ" ಎನ್ನುತ್ತ ಬಂದ ಕಾಂತಾಳಿಗೆ, ವರಗಳು ಬರುವುದು ಯಾವಾಗ ನಿಂತಿತೆಂಬುದು ಕೂಡ ನೆನಪಿರಲಿಲ್ಲ. ಬೆಳಿಗ್ಗೆ ಖಾನಾಪುರ ಬಿಡುವುದು, ಸಂಜೆ ಖಾನಾಪುರ ಸೇರುವುದು. ನಡುವೆ ಮಚ್ಛೆ.

ಕಂಪ್ಯೂಟರ್ ಕಲಿಸಲು ಬೆಳಗಾವಿಯ ಖಡೇಬಜಾರದ ಅಂಗಡಿಯಿಂದ ಬಂದವನು ಈರಯ್ಯ. ನಲವತ್ತರ ಆಸುಪಾಸು, ತೆಳ್ಳಗಿನ ಮೈ, ಅಂಗಿಯ ಕಿಸೆಯಲ್ಲಿ ಸದಾ ಒಂದು ಸಣ್ಣ ಸ್ಕ್ರೂಡ್ರೈವರ್. ಬಾಗಿಲಲ್ಲಿ ಬೂಟು ಬಿಡುವಾಗ ಅವನ ಕಾಲುಚೀಲ ಹೆಬ್ಬೆರಳಿನ ಬಳಿ ತೂತಾದದ್ದು ಕಾಂತಾಳಿಗೆ ಕಂಡಿತು. ಅವಳು ಕಂಡದ್ದು ಅವನಿಗೂ ತಿಳಿಯಿತು. ಇಬ್ಬರೂ ಬೇರೆಲ್ಲೋ ನೋಡಿದರು.

"ಲೆಕ್ಕದ್ದು, ಪತ್ರದ್ದು ಎಲ್ಲಾ ಆಮ್ಯಾಲ ಕಲಿಸ್ತೀನ್ರಿ," ಎಂದ ಈರಯ್ಯ, ಫ್ಲಾಪಿಯನ್ನು ಒಳಗೆ ತಳ್ಳುತ್ತ. "ಮೊದಲ ಇದನ್ನ ನೋಡ್ರಿ. ನನಗ ಭಾಳ ಸೇರಿದ್ದಿದು. ಬಣ್ಣ ಇಲ್ಲ, ಚಿತ್ರ ಇಲ್ಲ. ಬರೀ ಅಕ್ಷರ. ಒಂದು ಸಾಲು ಬರೀರಿ."

"ಏನಂತ ಬರೀಲಿ?"

"ನಿಮ್ಮ ತಲಿಯೊಳಗ ಈಗ ಏನೈತಿ ಅದನ್ನ."

ಕರಿಯ ತೆರೆಯ ಮೇಲೆ ಹಸಿರು ಅಕ್ಷರಗಳಲ್ಲಿ ಕಾಂತಾ 'ಸೋಮವಾರದ ಎರಕ' ಎಂದು ಬರೆದಳು. ಆ ಯಂತ್ರಕ್ಕೆ ಕನ್ನಡ ಬರುತ್ತಿರಲಿಲ್ಲ. ಕನ್ನಡದ ಮಾತನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆದಳು. ಈರಯ್ಯ ನಕ್ಕ. "ನಾನೂ ಹಿಂಗ ಬರೀತೀನ್ರಿ. ಅಂಗಡ್ಯಾಗ ಎಲ್ಲಾರೂ ಚ್ಯಾಷ್ಟಿ ಮಾಡ್ತಾರ. ಈಗ ಇದರ ಕೆಳಗ ಇನ್ನೊಂದು ಸಾಲು ಬರದು ಈ ಕೀ ಒತ್ತರಿ. ನೋಡಿದ್ರಿ? ಒಳಗ ಸರೀತು. ಅದರ ಒಳಗ ಮತ್ತೊಂದು. ಮನ್ಯಾಗ ಖೋಲಿ, ಖೋಲ್ಯಾಗ ಪೆಟಗಿ, ಪೆಟಗ್ಯಾಗ ಗಂಟು ಇದ್ದಂಗ. ಎಲ್ಲಾ ಕಣ್ಣ ಮುಂದ ಬ್ಯಾಡಾದ್ರ ಇದನ್ನೊತ್ತರಿ, ಮಡಚತೈತಿ. ಮತ್ತ ಒತ್ತರಿ, ಬಿಚ್ಚತೈತಿ."

ಕಾಂತಾ ಇನ್ನಷ್ಟು ಸಾಲು ಬರೆದು ಒತ್ತಿದಳು. ಎಂಟು ಸಾಲು ಒಂದರೊಳಗೆ ಅಡಗಿದವು. ಮತ್ತೆ ಒತ್ತಿದಳು, ಎಂಟೂ ಹೊರಬಂದವು. ಹನ್ನೆರಡು ವರ್ಷ ಟೈಪ್ ಹೊಡೆದ ಕೈ ಅದು. ಒಮ್ಮೆ ಹೊಡೆದ ಅಕ್ಷರ ಹೊಡೆದಲ್ಲಿಯೇ ಕೂತಿರುವುದನ್ನಷ್ಟೇ ಕಂಡಿತ್ತು. ಇಲ್ಲಿ ಸಾಲುಗಳು ಎದ್ದು ಹೋಗಿ ಬೇರೆಡೆ ಕೂಡುತ್ತಿದ್ದವು. ಅವಳು ಸಣ್ಣ ಹುಡುಗಿಯಂತೆ ಮತ್ತೆ ಮತ್ತೆ ಮಡಚಿ ಬಿಚ್ಚಿದಳು. ಈರಯ್ಯ ಅವಸರ ಮಾಡಲಿಲ್ಲ.

ದೀಪಾವಳಿಯ ಹೊತ್ತಿಗೆ ಕಾರ್ಖಾನೆಯ ಕೆಲಸವೆಲ್ಲ ಆ ಸಾಲುಗಳೊಳಗೆ ಬಂದಿತ್ತು. ಯಾವ ಅಚ್ಚು ರಿಪೇರಿಗೆ ಹೋಗಿದೆ, ಭಟ್ಟಿಗೆ ಯಾವ ದಿನ ಬೆಂಕಿ, ಯಾರಿಗೆ ಏನು ಹೇಳಬೇಕು, ಎಲ್ಲವೂ. ಆದ ಕೆಲಸಕ್ಕೊಂದು ಗುರುತು ಹಾಕಿದರೆ ಅದು ಬದಿಗೆ ಸರಿಯುವುದು. ಆಗದ್ದನ್ನು ಸಂಜೆ ಮರುದಿನದ ಕೆಳಗೆ ಸಾಗಿಸಿ ಮನೆಗೆ ಹೋಗುವುದು. ಅಡ್ಡಗೆರೆ ಹಾಕಿ ಕೋಷ್ಟಕ ಮಾಡಿ ಎರಕದ ತೂಕ ತುಂಬಿದರೆ, ಕೆಳಗಿನ ಮೊತ್ತವನ್ನು ಯಂತ್ರವೇ ಬರೆಯುವುದು. ಒಂದು ತೂಕ ತಿದ್ದಿದರೆ ಮೊತ್ತವೂ ತಾನಾಗಿ ತಿದ್ದಿಕೊಳ್ಳುವುದು. ಮೋಲ್ಡಿಂಗ್ ನೋಡಿಕೊಳ್ಳುವ ಸತ್ಯಪ್ಪ ಗಾಜಿಗೆ ಮುಖ ಹಚ್ಚಿ ಕೂಗುತ್ತಿದ್ದ: "ಬಾಯಾರ, ಪಂಪಿನ ಮುಚ್ಚಳ ಎಷ್ಟು ಉಳದಾವು ನೋಡ್ರಿ!" ಅವಳು ಒಂದು ಸಾಲು ಬಿಚ್ಚಿ ಹೇಳುತ್ತಿದ್ದಳು. ಕರೆಂಟು ಹೋದಾಗ ಮಾತ್ರ, ಉಳಿಸದ ಸಾಲುಗಳೆಲ್ಲ ಹಾರಿಹೋಗಿ, ಅಳು ಬಂದಷ್ಟಾಗುತ್ತಿತ್ತು.

ಈರಯ್ಯ ಶನಿವಾರ ಮಧ್ಯಾಹ್ನ ಬರುತ್ತಿದ್ದ. ಯಂತ್ರದ ಧೂಳು ತೆಗೆದು, ಪ್ರಿಂಟರಿನ ರಿಬ್ಬನ್ ನೋಡಿ, ಅವಳು ಎಲ್ಲಿ ತಡವರಿಸಿದ್ದಾಳೋ ಕೇಳಿ ಹೇಳಿಕೊಟ್ಟು, ಸಂಜೆ ಬೆಳಗಾವಿಗೆ ಹಿಂದಿರುಗದೆ ಖಾನಾಪುರದ ಬಸ್ಸು ಹತ್ತುತ್ತಿದ್ದ. ಅವನ ಹೆಂಡತಿ ತೀರಿಹೋಗಿ ಮೂರು ವರ್ಷವಾಗಿತ್ತು. ಆರು ವರ್ಷದ ಮಗಳು ಪದ್ಮವ್ವ ಖಾನಾಪುರದಾಚೆಯ ಬೀಡಿ ಎಂಬ ಊರಿನಲ್ಲಿ ಅಜ್ಜಿಯ ಬಳಿ ಇದ್ದಳು. ಶನಿವಾರ ಹೋಗಿ, ಭಾನುವಾರ ಮಗಳೊಡನೆ ಕಳೆದು, ಸೋಮವಾರ ನಸುಕಿನಲ್ಲಿ ಬೆಳಗಾವಿ. ಹೀಗೆ ಇಬ್ಬರ ದಾರಿ ಖಾನಾಪುರದವರೆಗೆ ಒಂದೇ ಆಯಿತು.

ಮೊದಮೊದಲು ಅವನು ಹಿಂದೆ, ಅವಳು ಹೆಣ್ಣುಮಕ್ಕಳ ಸೀಟಿನಲ್ಲಿ ಮುಂದೆ. ಖಾನಾಪುರದ ಬಸ್ ಸ್ಟ್ಯಾಂಡಿನಲ್ಲಿ "ಬರತೀನ್ರಿ" ಎಂದು ಅವನು ಬೀಡಿಯ ಬಸ್ಸು ಕಾಯಲು ನಿಲ್ಲುತ್ತಿದ್ದ. ಬೀಡಿಯ ಬಸ್ಸು ಎಂದೂ ಹೊತ್ತಿಗೆ ಬರುವಂಥದಲ್ಲ. ಒಂದು ಶನಿವಾರ ಕಾಂತಾಳೂ ನಿಂತಳು. ಮುಂದಿನ ಶನಿವಾರವೂ ನಿಂತಳು. ಮಾತು ಬಹುತೇಕ ಆ ಸಾಲುಗಳದ್ದೇ. ಬೆಳಗಾವಿಯ ಒಬ್ಬ ವಕೀಲರು ತಮ್ಮ ಕೇಸುಗಳನ್ನೆಲ್ಲ ಹಾಗೆ ಮಡಚಿಡುತ್ತಾರೆಂದು ಅವನು ಹೇಳಿದರೆ, ರಾತ್ರಿ ಅಡುಗೆ ಮಾಡುವಾಗ ತನ್ನ ತಲೆಯಲ್ಲೂ ಸಾಲುಗಳು ಒಳಸರಿಯುತ್ತವೆಂದು ಅವಳು ಹೇಳುವಳು.

"ಅಂದ್ರ ನಿಮಗ ಹುಚ್ಚು ಹಿಡದೈತಿ," ಎಂದ ಅವನು.

"ಹಿಡಿಸಿದವ್ರು ಯಾರು?"

ಅಂದದ್ದೇ ಅವಳಿಗೆ ಕಿವಿ ಬಿಸಿಯಾಯಿತು. ಇಷ್ಟು ಸಲೀಸಾಗಿ ಯಾರೊಡನೆಯೂ ಮಾತಾಡಿದವಳಲ್ಲ. ಶುಕ್ರವಾರ ರಾತ್ರಿ ಇಸ್ತ್ರಿ ಮಾಡಿದ ಸೀರೆ ಆರಿಸಿಡುವುದು, ಶನಿವಾರ ಊಟದ ಡಬ್ಬಿಯಲ್ಲಿ ಒಂದು ರೊಟ್ಟಿ ಹೆಚ್ಚಿಗೆ ಇಡುವುದು ಅವಳಿಗೆ ರೂಢಿಯಾಯಿತು. ಹೆಚ್ಚಿನ ರೊಟ್ಟಿಯನ್ನು ಕೊಡುವ ಧೈರ್ಯ ಮಾತ್ರ ಬಹಳ ದಿನ ಬರಲಿಲ್ಲ. ಕೊನೆಗೆ ಸಂಕ್ರಾಂತಿಯ ನೆಪದಲ್ಲಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯನ್ನು ಕಾಗದದಲ್ಲಿ ಸುತ್ತಿ, "ನಿಮ್ಮ ಮಗಳಿಗೆ" ಎಂದು ಕೊಟ್ಟಳು.

ಅದಾಗಿ ಎರಡು ವಾರಕ್ಕೆ ಬಸ್ಸಿನಲ್ಲಿ ನೂಕುನುಗ್ಗಲಿರಲಿಲ್ಲ. ಈರಯ್ಯ ಬಂದು ಅವಳ ಬಾಜೂ ಸೀಟಿನಲ್ಲಿ ಕೂತ. ಊರು ಹತ್ತಿರವಾಗುತ್ತಿದ್ದಂತೆ, ಮುಂದಿನ ಸೀಟಿನ ಕಂಬಿ ಹಿಡಿದುಕೊಂಡು, ಕಂಬಿಗೇ ಹೇಳುವವನಂತೆ ಹೇಳಿದ: "ಪದ್ಮಾನ್ನ ಬೆಳಗಾವಿಯೊಳಗ ಸಾಲಿ ಕಲಿಸಬೇಕಂತೀನ್ರಿ. ನಮ್ಮವ್ವಗ ವಯಸ್ಸಾತು. ಆದ್ರ ಬರೀ ಮಗಳ ಸಲುವಾಗಿ ಕೇಳಾಕತ್ತೀನಿ ಅಂತ ತಿಳಕೋಬ್ಯಾಡ್ರಿ. ನನ್ನ ಸಲುವಾಗಿನೂ ಕೇಳಾಕತ್ತೀನಿ. ನಿಮ್ಮ ತಾಯಿನೂ ನಮ್ಮ ಸಂಗಾಟ ಇರ್ಲಿ. ನೀವು ಹೂಂ ಅಂದ್ರ ನಾ ನಿಮ್ಮ ಮನಿಗೆ ಬಂದು ಕೇಳ್ತೀನಿ."

ಬಸ್ಸು ಸ್ಟ್ಯಾಂಡಿನೊಳಗೆ ತಿರುಗಿತು. ಹೂಂ ಎನ್ನಬೇಕು. ಒಂದೇ ಅಕ್ಷರ. ಅವಳ ಬಾಯಿಂದ ಬಂದದ್ದು ಬೇರೆ: "ಅವ್ವನ ಔಷಧ ತಗೋಬೇಕ್ರಿ. ಅಂಗಡಿ ಮುಚ್ಚತಾರ."

ಎದ್ದು, ಇಳಿದು, ಹಿಂದೆ ನೋಡದೆ ನಡೆದಳು. ಪೇಟೆಯಲ್ಲಿ ಔಷಧದ ಅಂಗಡಿ ಹಗಲಿನಂತೆ ದೀಪ ಹಚ್ಚಿಕೊಂಡು ತೆರೆದೇ ಇತ್ತು. ಅವಳು ಅದರ ಮುಂದೆ ನಿಂತಳು. ಔಷಧ ಮನೆಯಲ್ಲಿ ಬೇಕಾದಷ್ಟಿತ್ತು. ತಿರುಗಿ ಬಸ್ ಸ್ಟ್ಯಾಂಡಿಗೆ ಓಡಿದರೆ ಸಿಕ್ಕಾನು ಎಂದುಕೊಳ್ಳುತ್ತಲೇ ನಿಂತಿದ್ದಳು. ಆ ದಿನ ಬೀಡಿಯ ಬಸ್ಸು ಹೊತ್ತಿಗೆ ಸರಿಯಾಗಿ ಬಂದು, ಅವಳ ಮುಂದೆಯೇ ಹಾದುಹೋಯಿತು.

ಮುಂದಿನ ಶನಿವಾರ ಈರಯ್ಯನ ಬದಲು ಅಂಗಡಿಯ ದುಂಡಪ್ಪ ಬಂದ. ಈರಯ್ಯನವರನ್ನು ಬೇರೆ ಕಡೆಯ ಕೆಲಸಕ್ಕೆ ಹಚ್ಚಿದ್ದಾರೆ ಎಂದ. ಆ ಬದಲಾವಣೆಯನ್ನು ಈರಯ್ಯನೇ ಕೇಳಿ ಪಡೆದನೆಂದು ಕಾಂತಾಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ದುಂಡಪ್ಪ ಕೆಲಸ ಮುಗಿಸಿ ಸ್ಕೂಟರ್ ಹತ್ತಿ ಬೆಳಗಾವಿಯ ಕಡೆ ಹೋದ. ಅವಳು ಖಾನಾಪುರದ ಬಸ್ಸಿನಲ್ಲಿ ಒಬ್ಬಳೇ ಕೂತಳು.

ಆಮೇಲಿನ ದಿನಗಳಲ್ಲಿ ಕಾರ್ಖಾನೆಯ ಗೇಟಿನ ಬಳಿ ಯಾರ ದನಿ ಕೇಳಿದರೂ ಅವಳ ಬೆರಳು ಕೀಲಿಗಳ ಮೇಲೆ ನಿಲ್ಲುತ್ತಿತ್ತು. ಪ್ರತಿದಿನದ ಕೆಲಸ ಬರೆಯುವಾಗ, 'ಭಟ್ಟಿಯ ಇಟ್ಟಿಗೆ', 'ಸತ್ಯಪ್ಪನಿಗೆ ಮರಳಿನ ವಿಷಯ' ಎಂಬುವುಗಳ ನಡುವೆ ಅವನ ಹೆಸರು ಬರೆಯಲೆಂದು ಕೈ ಏಳುತ್ತಿತ್ತು. ಬರೆದರೆ ಅದೂ ಒಂದು ಕೆಲಸವಾಗಿ, ಸಂಜೆಗೆ ನಾಳೆಗೆ ಸಾಗಿಸುವ ಸಾಲಾಗುತ್ತದೆಂದು ಬರೆಯಲಿಲ್ಲ. ಮಡಚಿಡಲಾಗದ್ದು ಇದೊಂದೇ ಇತ್ತು. ಅದು ಬಸ್ಸಿನಲ್ಲೂ, ಅವ್ವನ ಕಾಲಿಗೆ ಎಣ್ಣೆ ತಿಕ್ಕುವಾಗಲೂ ಬಿಚ್ಚಿಕೊಂಡೇ ಇರುತ್ತಿತ್ತು.

ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಮಚ್ಛೆ ಬಂದರೂ ಅವಳು ಇಳಿಯಲಿಲ್ಲ. ಕಂಡಕ್ಟರ್ "ಬಾಯಾರ, ನಿಮ್ಮ ಸ್ಟಾಪ್ ಬಂತು" ಎಂದ. "ಇವತ್ತ ಬೆಳಗಾವಿಗೆ" ಎಂದು ಮುಂದಿನ ಟಿಕೀಟು ತೆಗೆಸಿದಳು.

ಖಡೇಬಜಾರದ ಬಟ್ಟೆ ಅಂಗಡಿಗಳ ಮೇಲಿನ ಮಾಳಿಗೆಯಲ್ಲಿ ಈರಯ್ಯ ಕೆಲಸ ಮಾಡುವ ಅಂಗಡಿ. ಅವನು ಒಂದು ಯಂತ್ರದ ಹೊಟ್ಟೆ ಬಿಚ್ಚಿಕೊಂಡು ನೆಲದ ಮೇಲೆ ಕೂತಿದ್ದ. ಅವಳನ್ನು ಕಂಡು ಎದ್ದು ನಿಂತ. "ಬರ್ರಿ, ಬರ್ರಿ. ಕುಂದರ್ರಿ. ಮಶೀನ್ ಏನರ ಕೈಕೊಟ್ಟೈತೇನು?"

"ಮಶೀನ್ ಚಲೋ ಐತ್ರಿ." ಅವಳು ಕೂಡಲಿಲ್ಲ. "ಆ ದಿವಸ ನಾ ಬಸ್ಸಿಳಿದು ಹೋಗಬಾರದಿತ್ತು. ಔಷಧ ಬೇಕಾಗಿರಲಿಲ್ಲ. ಹೂಂ ಅನ್ನೂದಿತ್ತು, ಬಾಯಿಗೆ ಬರಲಿಲ್ಲ. ಅಷ್ಟ ಹೇಳಾಕ ಬಂದೀನಿ."

ಈರಯ್ಯ ಕೈಯಲ್ಲಿದ್ದ ತಿರುಪನ್ನು ತಿರುಗಿಸುತ್ತ ನಿಂತ. ಕೆಳಗೆ ಬೀದಿಯಲ್ಲಿ ಒಬ್ಬ ಮರಾಠಿಯಲ್ಲಿ ಮಾವಿನಕಾಯಿ ಕೂಗಿಕೊಂಡು ಹೋದ.

"ಹೋದ ಸೋಮವಾರ ಸಾಕರಪುಡಾ ಆತ್ರಿ, ಲಗ್ನ ಗಟ್ಟಿ ಆತು," ಎಂದ. "ಬೈಲಹೊಂಗಲದ ಕಡೆಯವ್ರು. ಸಾಲಿ ಟೀಚರ್. ನಮ್ಮವ್ವ ನೋಡಿದ್ಲು. ನಾ... ನೀವು ಒಲ್ಲೆ ಅಂದ್ರಿ ಅಂತ ತಿಳಕೊಂಡಿದ್ದೆ."

"ನಾ ಏನೂ ಅಂದಿರಲಿಲ್ಲ."

"ಹೌದು. ಏನೂ ಅಂದಿರಲಿಲ್ಲ." ಅವನ ದನಿ ಇಳಿಯಿತು. "ಇನ್ನೊಂದ್ಸಲ ಕೇಳಬೇಕಿತ್ತು ನಾ. ಧೈರ್ಯ ಆಗಲಿಲ್ಲ."

"ಮಾತು ಕೊಟ್ಟೀರಿ. ಅವ್ರಿಗೆ ಅನ್ಯಾಯ ಆಗಬಾರದು," ಎಂದಳು ಕಾಂತಾ. ಇಷ್ಟು ಸ್ಪಷ್ಟವಾಗಿ ಮಾತು ಬರುತ್ತಿರುವುದಕ್ಕೆ ಅವಳಿಗೇ ಬೆರಗು. ಅವನು ಚಹಾ ತರಿಸಿದ. ಇಬ್ಬರೂ ಕುಡಿದರು. ಅವನು ಮೆಟ್ಟಿಲ ತುದಿಯವರೆಗೆ ಬಂದು, "ಆ ಸಜ್ಜಿ ರೊಟ್ಟಿ ಪದ್ಮಾ ಯಾರಿಗೂ ಕೊಡದನ ತಿಂದ್ಲು," ಎಂದ. ಅವಳು ಮೆಟ್ಟಿಲಿಳಿದಳು.

ಮಧ್ಯಾಹ್ನವೇ ಮನೆಗೆ ಬಂದ ಮಗಳನ್ನು ಕಂಡು ಗೌರವ್ವ ಗಾಬರಿಯಾದಳು. ಕಾಂತಾ ಅವ್ವನ ಹಾಸಿಗೆಯ ಬದಿಗೆ ಕೂತು ಎಲ್ಲವನ್ನೂ ಹೇಳಿದಳು, ಒಂದೂ ಬಿಡದೆ.

"ನನ್ನ ಸಲುವಾಗಿ ಇಳದಿಯೇನು, ಯವ್ವಾ?" ಗೌರವ್ವನ ಕಣ್ಣು ತುಂಬಿದ್ದವು.

"ಇಲ್ಲಬೇ. ನಿನ್ನೂ ಕರಕೊಂಡ ಬಾ ಅಂದಿದ್ರು ಅವ್ರು. ನಾ ಹೆದರಿ ಇಳದೆ. ಇಷ್ಟು ವರ್ಷ ಒಲ್ಲೆ ಅಂದೂ ಅಂದೂ ಹೂಂ ಅನ್ನೂದು ಮರ್ತುಬಿಟ್ಟಿದ್ದೆ."

ಗೌರವ್ವ ಬಲಗೈಯಿಂದ ಮಗಳ ತಲೆಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಮರುದಿನ ಕಾಂತಾ ಎಂದಿನಂತೆ ಮಚ್ಛೆಯಲ್ಲಿ ಇಳಿದಳು.

ಎಂಬತ್ತೊಂಬತ್ತರಲ್ಲಿ ಗುರುಪುತ್ರಪ್ಪನವರು ಇನ್ನೆರಡು ಯಂತ್ರ ತರಿಸಿ, ಹೊಸಬರಿಗೆ ಕಲಿಸುವ ಕೆಲಸವನ್ನು ಅವಳಿಗೇ ಒಪ್ಪಿಸಿದರು. ಆ ವರ್ಷ ಪಕ್ಕದ ಮನೆಯ ಸಾತವ್ವ ನಂದಗಡದ ಒಬ್ಬ ಮಾಸ್ತರರ ಸಂಬಂಧ ತಂದಳು. ಬಹಳ ವರ್ಷಗಳ ನಂತರ ಬಂದ ವರ. ಈ ಸಲ ಕಾಂತಾ "ಬ್ಯಾಡ" ಎನ್ನಲಿಲ್ಲ. "ಬರ್ಲಿ, ನೋಡೂಣು" ಎಂದಳು.

ಮಾಸ್ತರರು ಸಂಭಾವಿತರು. ಅವಲಕ್ಕಿ ತಿಂದು, ಗೌರವ್ವನ ಆರೋಗ್ಯ ವಿಚಾರಿಸಿ, ಕಾಂತಾಳನ್ನು ನೋಡಿ ಕೇಳಿದರು: "ಕಂಪ್ಯೂಟರ್‌ನ್ಯಾಗ ನೀವು ಏನ ಕೆಲಸ ಮಾಡ್ತೀರಿ? ನನಗ ಅದೊಂದು ಭಾಳ ಕುತೂಹಲ ಐತಿ."

ಕಾಂತಾಳಿಗೆ ಸಂತೋಷವಾಯಿತು. ಹೇಳತೊಡಗಿದಳು. "ಬಣ್ಣ ಇಲ್ಲ, ಚಿತ್ರ ಇಲ್ರಿ. ಬರೀ ಅಕ್ಷರ. ಒಂದು ಸಾಲಿನ ಕೆಳಗ ಇನ್ನೊಂದು ಬರದು ಕೀ ಒತ್ತಿದ್ರ ಒಳಗ ಸರೀತೈತಿ. ಮನ್ಯಾಗ ಖೋಲಿ, ಖೋಲ್ಯಾಗ ಪೆಟಗಿ..."

ಈರಯ್ಯನ ಮಾತುಗಳೇ ತನ್ನ ಬಾಯಲ್ಲಿ ಬರುತ್ತಿದ್ದುದು ತಿಳಿದು ಅಲ್ಲಿಗೇ ನಿಲ್ಲಿಸಿದಳು. ಮಾಸ್ತರರು ಮುಂದಿನ ಮಾತಿಗೆ ಕಾಯ್ದರು. ಸಾತವ್ವ ಕಣ್ಣಿನಲ್ಲೇ ಮಾತಾಡೆಂದು ಸನ್ನೆ ಮಾಡಿದಳು. ಕಾಂತಾ ತಟ್ಟೆಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದಳು.

ಅವರು ಹೋದ ಮೇಲೆ ಕಾಂತಾಳೇ ಸಾತವ್ವನ ಮನೆಗೆ ಹೋಗಿ, "ಅವ್ರಲ್ಲಿ ಏನೂ ಕಡಿಮಿ ಇಲ್ಲಬೇ. ನನಗ ಇನ್ನೂ ಆಗವಲ್ದು. ಅವ್ರನ್ನ ಕಾಯಿಸೂದು ಬ್ಯಾಡ, ಇವತ್ತ ಹೇಳಿಬಿಡು," ಎಂದು ಬಂದಳು. ಹೊರಗೆ ಜಿಟಿಜಿಟಿ ಮಳೆ ಹಿಡಿದಿತ್ತು. ಒಣಹಾಕಿದ ಅವ್ವನ ಸೀರೆಯನ್ನು ಒಳಗೆ ತಂದು, ಒದ್ದೆಯಾದ ಸೆರಗನ್ನು ಹಿಂಡಿ, ಅಡುಗೆಮನೆಯ ಹಗ್ಗಕ್ಕೆ ಹಾಕಿದಳು.