ಗಡಿಬಿಡಿ ಅಕ್ಕ ಕೈ ಕಟ್ಟಿ ಕೂತದ್ದು

ಗಡಿಬಿಡಿ ಅಕ್ಕನ ಕೈ ಸುಮ್ಮನಿದ್ದದ್ದನ್ನು ಯಾರೂ ಕಂಡಿರಲಿಲ್ಲ. ಬಾಯಿಯೂ ಅಷ್ಟೇ. ಎದುರಿಗಿದ್ದವರು ಮಾತು ಶುರು ಮಾಡಿದರೆ ಅರ್ಧ ಅವರದು, ಉಳಿದರ್ಧ ಇವಳದು. ಗಂಡ ಬಸ್ಸಿನ ಕಂಡಕ್ಟರ್. ದಿನವಿಡೀ "ಒಳಗೆ ಹೋಗಿ, ಒಳಗೆ ಹೋಗಿ" ಎಂದು ಗಂಟಲು ಹರಿದುಕೊಳ್ಳುವ ಮನುಷ್ಯ ಮನೆಗೆ ಬಂದರೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. "ನೀನಿರೋವಾಗ ನನಗೆ ಬಾಯಿ ಯಾಕೆ, ಊಟಕ್ಕಿದ್ರೆ..." ಎನ್ನುವಷ್ಟರಲ್ಲಿ "ಸಾಕು ಅಂತೀರಾ, ಗೊತ್ತು ಬಿಡಿ" ಎಂದು ಇವಳೇ ಮುಗಿಸುತ್ತಿದ್ದಳು.

ಇಂಥವಳಿಗೆ ಸಿಕ್ಕ ಕೆಲಸವಾದರೂ ಎಂಥದ್ದು ಅಂತೀರಿ! ಸರ್ಕಾರಿ ಶಾಲೆಯಲ್ಲಿ, ಹೆಚ್ಚಿನ ಗಮನ ಬೇಕಾದ ಮಕ್ಕಳ ಪಕ್ಕದಲ್ಲಿ ಕೂತು ನೆರವಾಗುವ ಸಹಾಯಕಿ. ಮೆಟ್ಟಿಲ ಪಕ್ಕ ಆ ಮಕ್ಕಳಿಗೆಂದೇ ಒಂದು ಕೋಣೆಯಿತ್ತು. ಕುರ್ಚಿಗಳು ಕಿರ್ರೆನ್ನಬಾರದೆಂದು ಅವುಗಳ ಕಾಲಿಗೆಲ್ಲ ಹಳೆಯ ಟೆನಿಸ್ ಚೆಂಡು ಕೊಯ್ದು ತೊಡಿಸಿದ್ದರು. ಅಲ್ಲಿನ ಟೀಚರ್ ಬಲು ತಾಳ್ಮೆಯವರು. "ಅಕ್ಕ, ಮಗು ಏನಾದ್ರೂ ಮಾಡೋಕೆ ಹೊರಟ್ರೆ ಮನಸ್ಸಲ್ಲೇ ಹತ್ತು ಎಣಿಸಿ, ಆಮೇಲೆ ಕೈ ಹಾಕಿ" ಎಂದು ಮೊದಲ ದಿನವೇ ಹೇಳಿದ್ದರು. ಅಕ್ಕ ಎಣಿಸುತ್ತಿದ್ದಳು, ಇಲ್ಲವೆನ್ನಬಾರದು. ಒಂದು ಆದ ಮೇಲೆ ನೇರವಾಗಿ ಹತ್ತು.

ಅವಳ ಪಾಲಿಗೆ ಬಂದವಳು ಮೂರನೇ ಕ್ಲಾಸಿನ ಪಾಪಚ್ಚಿ. ಹುಡುಗಿಗೆ ಮಾತು ಬಾರದು, ಬೆರಳುಗಳು ನಿಧಾನ, ತಲೆ ಮಾತ್ರ ಬಲು ಚುರುಕು. ಸೊಂಟದಲ್ಲಿ ಒಂದು ರಿಂಗು, ಅದರ ತುಂಬ ಚಿತ್ರದ ಕಾರ್ಡುಗಳು. ಬೇಕಾದ ಕಾರ್ಡು ಹುಡುಕಿ ತೋರಿಸುವುದೇ ಅವಳ ಮಾತು. ತೋರಿಸಲು ಅಕ್ಕ ಬಿಟ್ಟರೆ ತಾನೆ! ಮಗು ರಿಂಗಿಗೆ ಕೈ ಹಾಕುವಷ್ಟರಲ್ಲಿ "ನೀರಾ ಕಂದ? ತಗೋ" ಎಂದು ಬಾಟಲಿಯ ಮುಚ್ಚಳ ತಿರುಗಿಸಿಯಾಗಿರುತ್ತಿತ್ತು. ಶೂ ಲೇಸು, ಬ್ಯಾಗಿನ ಜಿಪ್ಪು, ಊಟದ ಡಬ್ಬಿ, ಎಲ್ಲಕ್ಕೂ ಅಕ್ಕನ ಕೈಯೇ. ಪಾಪಚ್ಚಿಯ ತಾಯಿ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. "ನನಗಿಂತ ನೀವೇ ಚೆನ್ನಾಗಿ ನೋಡ್ಕೋತೀರ" ಎಂದು ಅವಳು ಹೇಳಿದ ದಿನವೆಲ್ಲ ಅಕ್ಕನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ದಿನಾ ಸಂಜೆ ಅವಳು ಒಂದು ಪುಸ್ತಕ ತುಂಬಬೇಕಿತ್ತು. ಮಗು ಮಾಡಿದ ಕೆಲಸಗಳ ಎದುರಿಗೆ ಎರಡು ಅಂಕಣ: ಎಡಕ್ಕೆ 'ತಾನಾಗಿ', ಬಲಕ್ಕೆ 'ಸಹಾಯದಿಂದ'. ಅಕ್ಕ ಸುಳ್ಳು ಬರೆಯುವವಳಲ್ಲ. ಬಲಗಡೆ ಸಾಲಾಗಿ ಗುರುತು ಹಾಕುತ್ತ ಬಂದಳು. ಎಷ್ಟು ಗುರುತೋ ತಾನು ಅಷ್ಟು ದುಡಿದೆ ಎಂಬ ಹೆಮ್ಮೆ ಬೇರೆ.

ವರ್ಷದ ಪರಿಶೀಲನೆಗೆ ಬಂದ ಅಧಿಕಾರಿ ಆ ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ತಿರುವಿದ. ಆಮೇಲೆ ಕನ್ನಡಕ ತೆಗೆದ. "ವರ್ಷ ಪೂರ್ತಿ ಈ ಮಗು ಒಂದು ಕೆಲಸಾನೂ ತಾನಾಗಿ ಮಾಡಿಲ್ಲ. ಈ ಶಾಲೆ ಅವಳಿಗೆ ಸಾಲದು. ಇಂಥ ಮಕ್ಕಳ ವಸತಿ ಶಾಲೆಗೆ ಕಳಿಸೋಕೆ ಬರೀತೀನಿ" ಎಂದ.

ಪರಿಶೀಲನೆಗೆಂದು ಕರೆಸಿದ್ದ ತಾಯಿ ಮಗುವನ್ನು ಹತ್ತಿರಕ್ಕೆ ಎಳೆದುಕೊಂಡಳು. ಆ ವಸತಿ ಶಾಲೆ ಕೆಟ್ಟದ್ದೇನಲ್ಲ. ಆದರೆ ಬಹಳ ದೂರ, ಮಗು ಮನೆಗೆ ಬರುವುದು ತಿಂಗಳಿಗೊಮ್ಮೆ. ಅಕ್ಕ ದಡಕ್ಕನೆ ಎದ್ದಳು. "ಅಯ್ಯೋ ಸಾರ್, ಅವಳಿಗೆ ಎಲ್ಲ ಬರುತ್ತೆ! ನಾನೇ ಮಾಡೋಕೆ ಬಿಟ್ಟಿಲ್ಲ!" ಎಂದು ಕೂಗಿಬಿಟ್ಟಳು. ಕೂಗಿದ ಮೇಲೆಯೇ ತಾನು ಮಾಡಿದ್ದು ಏನೆಂದು ಅವಳಿಗೂ ಗೊತ್ತಾದದ್ದು. ಟೀಚರ್ ನಡುವೆ ಬಂದು ಒಂದು ತಿಂಗಳ ಗಡುವು ಕೇಳಿದರು. ಅಧಿಕಾರಿ ಒಲ್ಲದ ಮನಸ್ಸಿನಿಂದ ಒಪ್ಪಿದ.

ಆ ತಿಂಗಳು ಅಕ್ಕ ಪಟ್ಟ ಪಾಡು ಶತ್ರುವಿಗೂ ಬೇಡ. ಎರಡೂ ಅಂಗೈಗಳನ್ನು ತೊಡೆಯ ಕೆಳಗಿಟ್ಟು, ಅವುಗಳ ಮೇಲೆ ಕೂತಳು. ಮೊದಲ ದಿನ ಪಾಪಚ್ಚಿ ಡಬ್ಬಿ ಮುಂದೆ ಕೂತು, ಅಕ್ಕ ತೆರೆಯಲಿ ಎಂದು ಕಾದಳು. ಅಕ್ಕ ಚಾವಣಿ ನೋಡಿದಳು. ಹನ್ನೊಂದು ನಿಮಿಷ! ಕೊನೆಗೆ ಮುಚ್ಚಳ ಟಪ್ಪೆಂದು ಹಾರಿದಾಗ ಹುಡುಗಿಗಿಂತ ಅಕ್ಕನೇ ಹೆಚ್ಚು ಬೆವೆತಿದ್ದಳು. ಇನ್ನೊಂದು ದಿನ ಸ್ವೆಟರಿನ ಗುಂಡಿಗಳನ್ನೆಲ್ಲ ಒಂದೊಂದು ಮನೆ ತಪ್ಪಿಸಿ ಹಾಕಿಕೊಂಡ ಪಾಪಚ್ಚಿ ಸಂಜೆಯವರೆಗೂ ಹಾಗೇ ಸೊಟ್ಟಗೆ, ಗತ್ತಿನಿಂದ ಓಡಾಡಿದಳು. ಸರಿಮಾಡಲು ಕೈ ತುರಿಸಿ ತುರಿಸಿ, ಅಕ್ಕ ಬಾತ್‌ರೂಮಿಗೆ ಹೋಗಿ ಸ್ವಲ್ಪ ಅತ್ತು ಬಂದಳು.

ಮನೆಯಲ್ಲೂ ಅಭ್ಯಾಸ ನಡೆಯಿತು. ಗಂಡ ಏನೋ ಹೇಳಲು ಹೊರಟಾಗ ಹಲ್ಲು ಕಚ್ಚಿ ಕೂತಳು. ಅವನು ಗಾಬರಿಯಾಗಿ, ಮಧ್ಯೆ ಮಧ್ಯೆ ನಿಂತು, ಒಂದು ಪೂರ್ತಿ ಮಾತು ಆಡಿದ: "ಈ ಪರದೆ ಬಣ್ಣ... ನನಗೆ... ಹನ್ನೆರಡು ವರ್ಷದಿಂದ ಇಷ್ಟ ಇಲ್ಲ." ಇಬ್ಬರೂ ಬಿದ್ದು ಬಿದ್ದು ನಕ್ಕರು.

ಗಡುವಿನ ದಿನ ಅಧಿಕಾರಿ ಬಂದು ಪಾಪಚ್ಚಿಯ ಎದುರು ಕೂತ. ತಾಯಿ ಸೆರಗಿನ ತುದಿ ಹಿಂಡುತ್ತ ನಿಂತಿದ್ದಳು.

"ಇವತ್ತು ಸ್ಕೂಲಲ್ಲಿ ಏನ್ ಮಾಡ್ದೆ ಮರಿ?"

ಪಾಪಚ್ಚಿ ರಿಂಗು ಹಿಡಿದಳು. ಒಂದು ಕಾರ್ಡು ಸರಿಸಿದಳು, ಇನ್ನೊಂದು, ಮತ್ತೊಂದು. ಅಕ್ಕನಿಗೆ ಉತ್ತರ ಗೊತ್ತು, ನಾಲಿಗೆಯ ತುದಿಯಲ್ಲೇ ಇದೆ. ಹತ್ತಾಯಿತು, ಇಪ್ಪತ್ತಾಯಿತು, ನಲವತ್ತು ಎಣಿಸಿದರೂ ಹುಡುಗಿ ಹುಡುಕುತ್ತಲೇ ಇದ್ದಾಳೆ. ಅಧಿಕಾರಿ ಗಡಿಯಾರ ನೋಡಿಕೊಂಡ. "ಇರಲಿ ಬಿಡಿ" ಎಂದು ಫೈಲು ಮಡಿಚಿ ಅರ್ಧ ಎದ್ದ. ಆದರೂ ಅಕ್ಕ ತೊಡೆಯ ಕೆಳಗಿಟ್ಟುಕೊಂಡಿದ್ದ ಕೈಗಳನ್ನು ಅಲುಗಿಸಲಿಲ್ಲ.

ಆಗ ಪಾಪಚ್ಚಿ ಒಂದು ಕಾರ್ಡು ಎತ್ತಿ ಅಧಿಕಾರಿಯ ಮೂಗಿನ ಮುಂದೆ ಹಿಡಿದಳು. ಎತ್ತಿದ ಅಂಗೈಯ ಚಿತ್ರ, ಕೆಳಗೆ ಬರಹ: 'ಸ್ವಲ್ಪ ತಾಳಿ'.

ಅಧಿಕಾರಿ ತೆಪ್ಪಗೆ ಕೂತ. ಟೀಚರ್ ನಗು ತಡೆಯಲಾರದೆ ಕಿಟಕಿಯತ್ತ ತಿರುಗಿದರು. ಪಾಪಚ್ಚಿ ತನ್ನದೇ ಲಯದಲ್ಲಿ ಮೂರು ಕಾರ್ಡು ಮೇಜಿನ ಮೇಲೆ ಜೋಡಿಸಿದಳು: ನಾನು, ನೀರು, ಗಿಡ. ಅಧಿಕಾರಿ ಕಿಟಕಿಯಾಚೆ ನೋಡಿದರೆ, ಗೋಡೆ ಬದಿಯ ಕುಂಡಗಳ ಮಣ್ಣು ಇನ್ನೂ ಒದ್ದೆಯಾಗಿತ್ತು.

"ಮಗು ಇಲ್ಲೇ ಇರಲಿ" ಎಂದು ಅವನು ಬರೆದ. ತಾಯಿ ಅಳುತ್ತಲೇ ನಕ್ಕಳು. ಅಕ್ಕ ತನ್ನ ಕೈಗಳನ್ನು ಬಿಡಿಸಿಕೊಂಡು ಇನ್ನೇನು ಪಾಪಚ್ಚಿಯನ್ನು ಎತ್ತಿಕೊಳ್ಳಬೇಕು, ಅಷ್ಟರಲ್ಲಿ ಅವನು ಇನ್ನೊಂದು ಸಾಲು ಓದಿದ: "ಸಹಾಯಕಿ ಬೆಳಿಗ್ಗೆ ಮಾತ್ರ ಸಾಕು. ಮಧ್ಯಾಹ್ನ ಮಗು ಕ್ಲಾಸಲ್ಲಿ ಒಬ್ಬಳೇ ಇರ್ತಾಳೆ."

"ಸಾಕು ಅಂತ ಯಾರ್ ಹೇಳಿದ್ದು?" ಅಕ್ಕ ಜಗಳಕ್ಕೇ ನಿಂತಳು.

"ನಿಮ್ಮ ಪುಸ್ತಕ ಹೇಳ್ತಿದೆಯಲ್ಲಮ್ಮ. ಈ ತಿಂಗಳು ಎಡಗಡೆ ತುಂಬಿದೆ ನೋಡಿ."

ಅಕ್ಕ ಪುಸ್ತಕ ಎಳೆದುಕೊಂಡು ಎಡಗಡೆಯ ಗುರುತುಗಳನ್ನು ಒಂದೊಂದಾಗಿ ಎಣಿಸತೊಡಗಿದಳು.

ಸೋಮವಾರ ಮಧ್ಯಾಹ್ನ ಅವಳು ಮೆಟ್ಟಿಲ ಪಕ್ಕದ ಕೋಣೆಯಲ್ಲಿ ಬೇರೊಂದು ಮಗುವಿನ ಜೊತೆ ಇರಬೇಕಿತ್ತು. ಕರುಳು ಕೇಳಬೇಕಲ್ಲ! ಎರಡು ನಿಮಿಷ ಕದ್ದು ಮೂರನೇ ಕ್ಲಾಸಿನ ಬಾಗಿಲಿಗೆ ಬಂದು, ಚೌಕಟ್ಟು ಹಿಡಿದು ಇಣುಕಿದಳು. ಪಾಪಚ್ಚಿ ತಲೆ ಎತ್ತಿದಳು. ಪೆನ್ಸಿಲ್ ಕೆಳಗಿಟ್ಟು ಎದ್ದು ಬಂದಳು. ನಾನಿಲ್ಲದೆ ಆಗಲ್ಲ ಇವಳಿಗೆ, ಪಾಪ, ಎಂದು ಅಕ್ಕನ ಎದೆ ತುಂಬಿ ಬಂತು.

ಪಾಪಚ್ಚಿ ಚೌಕಟ್ಟಿನ ಮೇಲಿದ್ದ ಅಕ್ಕನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಬಾಗಿಲಿಗೆ ಸಿಕ್ಕಿಕೊಳ್ಳದಂತೆ ಆ ಕೈಯನ್ನು ಆಚೆಗೆ ಸರಿಸಿದಳು. ಆಮೇಲೆ ಬಾಗಿಲು ಹಾಕಿಕೊಂಡಳು.

ಒಳಗಡೆ ಚಿಲಕ ಕೂರಲು ಬಹಳ ಹೊತ್ತು ಹಿಡಿಯಿತು. ಅಕ್ಕ ಹೊರಗೆ ನಿಂತು, ಕಣ್ಣೊರೆಸಿಕೊಂಡು ನಗುತ್ತ, ಅದು ಕೂರುವವರೆಗೂ ಕಾದಳು.